ಒತ್ತಕ್ಷರವೇ ಒರೆಗಲ್ಲು

ಗೋವಾದ ಸಾಂಖಳಿ ಪೇಟೆಯಲ್ಲಿ ಡಿಟಿಪಿ ಕೆಲಸ ಮಾಡುವವನ ಮೇಜಿನ ಮೇಲೆ ಒಂದೇ ದಿನದಲ್ಲಿ ಮೂರು ಲಿಪಿ ಬಂದು ಹೋಗುತ್ತವೆ. ಬೆಳಿಗ್ಗೆ ದೇವಸ್ಥಾನದ ಉತ್ಸವಕ್ಕೆ ಮರಾಠಿಯಲ್ಲೋ ಕೊಂಕಣಿಯಲ್ಲೋ ದೇವನಾಗರಿ ಬ್ಯಾನರು, ಮಧ್ಯಾಹ್ನ ಯಾವುದೋ ಅಂಗಡಿಗೆ ಇಂಗ್ಲಿಷ್ ಬೋರ್ಡು, ಸಂಜೆ ಕೆಲಸ ಮುಗಿಸಿ ಬರುವ ಬಾಗಲಕೋಟೆ, ವಿಜಯಪುರ, ಗದಗ ಕಡೆಯವರ ಕನ್ನಡ ಲಗ್ನಪತ್ರಿಕೆ. ಚೋರ್ಲಾ ಘಟ್ಟ ಹತ್ತಿ ಇಳಿದರೆ ಬೆಳಗಾವಿ. ಹೆಚ್ಚು ಪ್ರತಿ ಬೇಕಾದ ಕನ್ನಡದ ಅಚ್ಚಿನ ಕೆಲಸವನ್ನು ನಾನು ಘಟ್ಟದ ಆಚೆಗೆ ಕಳಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಹಾಗೆ ಕಳಿಸಿದ ಒಂದು ಲಗ್ನಪತ್ರಿಕೆ ಅಚ್ಚಾಗಿ ಬಂತು. ಮದುಮಗಳ ತಾಯಿ ಕಟ್ಟು ಬಿಚ್ಚಿ ಒಂದು ಕಾರ್ಡು ತೆಗೆದು ನೋಡಿದವರೇ ನನ್ನ ಮುಂದೆ ಇಟ್ಟರು. "ಇದು ನಮ್ಮ ಹುಡುಗಿ ಹೆಸರಲ್ರೀ ಅಣ್ಣಾರ. ಮ ಕೆಳಗ ಇರಬೇಕಾಗಿತ್ತು, ಬಾಜೂಕ ಬಂದು ನಿಂತೈತಿ. ಲಗ್ನದ ಕಾರ್ಡಿನ್ಯಾಗ ಹೆಸರು ಮುರದ್ರ ಹೆಂಗ್ರೀ?" ಹುಡುಗಿಯ ಹೆಸರು ಲಕ್ಷ್ಮೀ. ನನ್ನ ಪರದೆಯ ಮೇಲೆ ಸರಿಯಾಗಿದ್ದ ಹೆಸರು, ಅಚ್ಚಿನವರು ಬೇರೊಂದು ತಂತ್ರಾಂಶದಲ್ಲಿ ತೆರೆದಾಗ ಮುರಿದಿತ್ತು. ಆ ತಂತ್ರಾಂಶಕ್ಕೆ ಕನ್ನಡದ ಅಕ್ಷರ ಗೊತ್ತಿತ್ತು, ಅಕ್ಷರಗಳನ್ನು ಕೂಡಿಸುವುದು ಗೊತ್ತಿರಲಿಲ್ಲ. ಕಾರ್ಡುಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿಕೊಟ್ಟೆ. ಅಂದಿನಿಂದ ಯಾವ ಚಿತ್ರ ತಂತ್ರಾಂಶ ಕೈಗೆ ಬಂದರೂ ಮೊದಲು ಬೆರಳಚ್ಚು ಮಾಡುವುದು ಆ ಹೆಸರನ್ನೇ. ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್, ಕ್ರಿಟಾ, ನಾನು ದಿನವೂ ಬಳಸುವ ಈ ನಾಲ್ಕು ಮುಕ್ತ ತಂತ್ರಾಂಶಗಳನ್ನು ಇಲ್ಲಿ ತೂಗುತ್ತಿರುವುದೂ ಅದೇ ತಕ್ಕಡಿಯಲ್ಲಿ.

ಆ ಹೆಸರಿನೊಳಗೆ ಏನಿದೆ ಎಂದು ನೋಡಿದರೆ ಈ ತಕ್ಕಡಿ ಯಾಕೆಂದು ತಿಳಿಯುತ್ತದೆ. 'ಲಕ್ಷ್ಮೀ' ಎಂದು ಒತ್ತಿದಾಗ ಕಂಪ್ಯೂಟರಿನ ನೆನಪಿನಲ್ಲಿ ಕೂರುವುದು ಏಳು ಸಂಕೇತ: ಲ, ಕ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಷ, ವಿರಾಮ, ಮ, ಕೊನೆಗೆ ಈಕಾರದ ಚಿಹ್ನೆ. ಕಣ್ಣಿಗೆ ಕಾಣಬೇಕಾದದ್ದು ಬೇರೆ. ಕ ಮತ್ತು ಷ ಬೆರೆತು ಒಂದೇ ಆಕಾರವಾಗಬೇಕು. ಮಕಾರ ಒತ್ತಾಗಿ ಕೆಳಗಿಳಿಯಬೇಕು. ಎಲ್ಲಕ್ಕಿಂತ ಕೊನೆಗೆ ಬಂದ ಈಕಾರ ಎರಡಾಗಿ ಒಡೆದು, ಅದರ ಗುಡಿಸು ಹಿಂದಕ್ಕೆ ಹೋಗಿ ಕ್ಷಕಾರದ ತಲೆಯೇರಬೇಕು, ದೀರ್ಘ ಒತ್ತನ್ನೂ ದಾಟಿ ಕೊನೆಯಲ್ಲಿ ನಿಲ್ಲಬೇಕು. 'ಧರ್ಮ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ಹೋಗಿ ಕೂರಬೇಕು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇದು ಕಂಪೋಸಿಟರನ ಬೆರಳಿನಲ್ಲಿದ್ದ ಜ್ಞಾನ. ಈಗ ಅದನ್ನು ಯಾರಾದರೂ ಕೋಡಿನಲ್ಲಿ ಬರೆದಿಡಬೇಕು.

ಮುಕ್ತ ತಂತ್ರಾಂಶದ ಲೋಕದಲ್ಲಿ ಅದನ್ನು ಬರೆದಿಟ್ಟ ಜಾಗದ ಹೆಸರು ಹಾರ್ಫ್‌ಬಝ್. ಪರ್ಷಿಯನ್ ಭಾಷೆಯಲ್ಲಿ ಹಾಗೆಂದರೆ 'ತೆರೆದ ಅಕ್ಷರ'. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಹಳೆಯ ಕೋಡನ್ನು ಬಿಟ್ಟು ಹೊಸದಾಗಿ ಬರೆದ ಹಾರ್ಫ್‌ಬಝ್ ಅನ್ನು 2012ರಲ್ಲಿ ಪ್ಯಾಂಗೋ ಎಂಬ ಪಠ್ಯವಿನ್ಯಾಸದ ಪದರ ತನ್ನದಾಗಿಸಿಕೊಂಡಿತು. ಜಿಂಪ್ ಮತ್ತು ಇಂಕ್‌ಸ್ಕೇಪ್ ಎರಡೂ ಪಠ್ಯವನ್ನು ಬರೆಯುವುದು ಈ ಪ್ಯಾಂಗೋ ಮೂಲಕ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಕೂಡ ಹಾರ್ಫ್‌ಬಝ್ ಅನ್ನೇ ನಂಬಿವೆ. ಮುಕ್ತ ತಂತ್ರಾಂಶದ ದೊಡ್ಡಸ್ತಿಕೆ ನನಗೆ ಕಾಣುವುದು ಇಲ್ಲಿಯೇ. ಒಂದು ಕಡೆ ಒತ್ತಕ್ಷರ ಸರಿಹೋದರೆ ಹತ್ತು ಮನೆಯಲ್ಲಿ ಸರಿಹೋಗುತ್ತದೆ, ಯಾರೂ ಯಾರಿಗೂ ಹಣ ಕೊಡಬೇಕಾಗಿಲ್ಲ.

ಮೊದಲು ಜಿಂಪ್. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರುಮಾಡಿ ಮರುವರ್ಷ ಎಲ್ಲರ ಕೈಗಿಟ್ಟ ಕೆಲಸ ಇದು. ಫೋಟೋ ತಿದ್ದುವುದರಲ್ಲಿ ಇದರ ಶಕ್ತಿಗೆ ನಾನು ಋಣಿ. ಮಾಸಿದ ಹಳೆಯ ಫೋಟೋದಿಂದ ಅಜ್ಜನ ಮುಖವನ್ನು ಎತ್ತಿ ಪುಣ್ಯತಿಥಿಯ ಬ್ಯಾನರಿಗೆ ಕೂರಿಸುವ ಕೆಲಸವನ್ನು ಇದು ನನಗೆ ಎಷ್ಟೋ ಸಲ ಮಾಡಿಕೊಟ್ಟಿದೆ. ಪಠ್ಯದ ಪರೀಕ್ಷೆಯಲ್ಲಿಯೂ 'ಲಕ್ಷ್ಮೀ' ಮುರಿಯದೆ ಬರುತ್ತಾಳೆ. ಆದರೆ ಬೆಳವಣಿಗೆಯ ವೇಗದಲ್ಲಿ ಜಿಂಪ್ ತನ್ನ ಬಳಕೆದಾರರನ್ನು ಬಹಳ ಕಾಯಿಸಿದೆ. 1998ರ ಹೊತ್ತಿಗೇ ರಿದಮ್ ಅಂಡ್ ಹ್ಯೂಸ್ ಎಂಬ ಚಲನಚಿತ್ರ ಸ್ಟುಡಿಯೋ ಬಣ್ಣದ ಹೆಚ್ಚಿನ ಆಳ ಬೇಕೆಂದು ಕೇಳಿ, ಅದಕ್ಕಾಗಿಯೇ ಜಿಂಪ್‌ನ ಬೇರೆ ಕವಲೊಂದನ್ನು ಕಟ್ಟತೊಡಗಿತ್ತು. 2000ದಲ್ಲಿ ಅದೇ ಸ್ಟುಡಿಯೋದವರ ಕೈಯಲ್ಲಿ ಗೆಗಲ್ ಎಂಬ ಹೊಸ ಎಂಜಿನ್ ಶುರುವಾಯಿತು. ಆ ಎಂಜಿನ್ ಜಿಂಪ್‌ನ ನಡುಮನೆಗೆ ಪೂರ್ತಿ ಬಂದು, ಬಣ್ಣದ ಆಳ ಸಾಮಾನ್ಯ ಬಳಕೆದಾರನಿಗೆ ಸಿಕ್ಕಿದ್ದು 2018ರ 2.10 ಆವೃತ್ತಿಯಲ್ಲಿ. ಮೂಲ ಚಿತ್ರವನ್ನು ಕೆಡಿಸದೆ ಫಿಲ್ಟರ್ ಹಾಕುವ ಅನುಕೂಲ ಬಂದದ್ದು 2025ರ ಮಾರ್ಚಿನ 3.0ರಲ್ಲಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸುತ್ತದೆ. ಕಿಟಕಿ, ಗುಂಡಿ, ಪಟ್ಟಿಗಳನ್ನು ಕಟ್ಟಲು ಬೇಕಾದ ಜಿಟಿಕೆ ಎಂಬ ಸಲಕರಣೆ ಹುಟ್ಟಿದ್ದೇ ಜಿಂಪ್‌ಗಾಗಿ, ಹೆಸರಿನಲ್ಲಿರುವ ಮೊದಲ ಅಕ್ಷರ ಜಿಂಪ್‌ನದೇ. ಆ ಮಗು ಬೆಳೆದು 2011ರಲ್ಲಿ ಮೂರನೆಯ, 2020ರಲ್ಲಿ ನಾಲ್ಕನೆಯ ಆವೃತ್ತಿ ಕಂಡಿತು. ಅದನ್ನು ಹೆತ್ತ ಮನೆ ಮೂರನೆಯದಕ್ಕೆ ಬಂದು ಮುಟ್ಟಿದ್ದು 2025ರಲ್ಲಿ. ಕೆಲಸ ಮಾಡುವ ಕೈಗಳು ಬೆರಳೆಣಿಕೆಯಷ್ಟಿದ್ದು, ಅವೂ ಬಿಡುವಿನ ಹೊತ್ತಿನಲ್ಲಿ ದುಡಿದರೆ ಹೀಗೇ ಆಗುತ್ತದೆ. ಆ ಕೈಗಳ ಮೇಲೆ ನನಗೆ ದೂರಿಲ್ಲ. ಆ ಕೈಗಳಿಗೆ ಜೊತೆ ಕೊಡದ ನಮ್ಮೆಲ್ಲರ ಮೇಲೆ ಇದೆ.

ಇಂಕ್‌ಸ್ಕೇಪ್ ನನ್ನ ಮೇಜಿನ ರಾಜ. ಸೋಡಿಪೋಡಿ ಎಂಬ ತಂತ್ರಾಂಶದಲ್ಲಿ ದುಡಿಯುತ್ತಿದ್ದ ನಾಲ್ವರು 2003ರಲ್ಲಿ ಬೇರೆಯಾಗಿ, ಬದಲಾವಣೆಗೆ ಬಾಗಿಲು ತೆರೆದಿಟ್ಟುಕೊಂಡು ಕಟ್ಟಿದ್ದು. 1.0 ಎಂಬ ಅಂಕಿ ತಲುಪಲು 2020ರ ಮೇ ತನಕ ಬೇಕಾಯಿತು, ಆದರೆ ದಾರಿಯುದ್ದಕ್ಕೂ ಅದು ಕೆಲಸಕ್ಕೆ ಬರುತ್ತಲೇ ಇತ್ತು. ಲಗ್ನಪತ್ರಿಕೆಯ ತಲೆಗೆ ದೊಡ್ಡದಾಗಿ 'ಶ್ರೀ' ಬರೆಯಬೇಕು ಅಂದುಕೊಳ್ಳಿ. ಗುಬ್ಬಿ ಫಾಂಟಿನಲ್ಲಿ ಅಕ್ಷರ ಬರೆದು ಅದನ್ನು ಪಾತ್, ಅಂದರೆ ಬರೀ ರೇಖೆಗಳ ಆಕಾರ, ಮಾಡುತ್ತೇನೆ. ಅಕ್ಷರದ ಅಂಚಿನುದ್ದಕ್ಕೂ ಸಣ್ಣ ಚುಕ್ಕಿಗಳು ಎದ್ದು ನಿಲ್ಲುತ್ತವೆ. ಶಕಾರದ ಮೇಲಿನ ಗುಡಿಸಿನ ಎರಡು ಚುಕ್ಕಿ ಹಿಡಿದು ಎಳೆದರೆ ಅದು ಮಾವಿನ ತೋರಣದ ಬಳ್ಳಿಯಂತೆ ಬಾಗುತ್ತದೆ. ರಕಾರದ ಒತ್ತಿನ ಬಾಲ ಹಿಗ್ಗಿಸಿದರೆ ಅದೇ ಕೆಳಗಿನ ಹೆಸರುಗಳಿಗೆ ಅಂಚುಪಟ್ಟಿಯಾಗುತ್ತದೆ. ಕನ್ನಡದ ದುಂಡು ಮೈಗೆ ಈ ಚುಕ್ಕಿ-ಬಾಗು ಹೇಳಿ ಮಾಡಿಸಿದ ಹಾಗಿದೆ.

ಇದರ ಕೊರತೆ ಬಣ್ಣದಲ್ಲಿದೆ. ನಾನು ಬಳಸುವ 1.4 ಆವೃತ್ತಿ ಪರದೆಯ ಬಣ್ಣಗಳಲ್ಲಿ ಯೋಚಿಸುತ್ತದೆ, ಆಫ್‌ಸೆಟ್ ಅಚ್ಚಿನ ನಾಲ್ಕು ಮಸಿಗಳಲ್ಲಿ ಅಲ್ಲ. ಪರದೆಯ ಮೇಲೆ ಹೊಳೆದ ಕುಂಕುಮಗೆಂಪು ಕಾರ್ಡಿನ ಮೇಲೆ ಇಟ್ಟಿಗೆಯ ಬಣ್ಣಕ್ಕಿಳಿದು ಬರುತ್ತದೆ. ಫ್ಲೆಕ್ಸ್ ಮತ್ತು ಅಚ್ಚಿನ ಅಂಗಡಿಗಳಲ್ಲಿ ಹಲವರು ಕೇಳುವುದು ಕೋರೆಲ್‌ಡ್ರಾ ಫೈಲು. ಇಂಕ್‌ಸ್ಕೇಪ್ ಆ ಫೈಲನ್ನು ಓದಬಲ್ಲದು, ಬರೆಯಲಾರದು. ಅಕ್ಷರ ಮುರಿಯಬಾರದೆಂದು ಎಲ್ಲವನ್ನೂ ಪಾತ್ ಮಾಡಿ ಪಿಡಿಎಫ್ ಕಳಿಸುತ್ತೇನೆ. ಹೆಸರು ಉಳಿಯುತ್ತದೆ. ಆದರೆ ಮುಹೂರ್ತದ ಗಳಿಗೆ ಬದಲಾಯಿತೆಂದು ಫೋನ್ ಬಂದರೆ ಅಲ್ಲಿಯ ಯಾರೂ ತಿದ್ದಲಾರರು.

ಸ್ಕ್ರೈಬಸ್ ವಿಷಯಕ್ಕೆ ಬಂದರೆ ನನ್ನ ವಾದದ ಗಂಟು ಸಿಗುತ್ತದೆ. ಪುಟ ಕಟ್ಟುವ ಈ ತಂತ್ರಾಂಶಕ್ಕೆ ನಾಲ್ಕು ಮಸಿಯ ಬಣ್ಣ ಮೊದಲಿನಿಂದಲೂ ಗೊತ್ತು. ಗೊತ್ತಿಲ್ಲದಿದ್ದದ್ದು ಒತ್ತಕ್ಷರ. 1.4ರ ಸಾಲಿನ ಆವೃತ್ತಿಗಳಲ್ಲಿ ಕನ್ನಡ ಪುಟ ಕಟ್ಟುವ ಮಾತೇ ಇರಲಿಲ್ಲ. ಅರಬ್ಬಿಯವರಿಗೂ ಅದೇ ಗೋಳು, ಅವರ ಅಕ್ಷರಗಳೂ ಕೈಹಿಡಿದು ನಡೆಯಬೇಕಾದವು. ಗೋವಾದ ಕಡಲಿನ ಆಚೆ ದಡದ ಒಮಾನಿನಲ್ಲಿ ಒಂದು ತಂಡ ಇದಕ್ಕೆ ಕೈಹಾಕಿತು. ಫಹದ್ ಅಲ್ ಸೈದಿ ಮತ್ತು ಸಂಗಡಿಗರು, ಅಮೀರಿ ಎಂಬ ಅರಬ್ಬಿ ಫಾಂಟನ್ನು ರೂಪಿಸಿದ ಖಾಲಿದ್ ಹೋಸ್ನಿ ಅವರ ಜೊತೆಗೂಡಿ, ಸ್ಕ್ರೈಬಸ್‌ನೊಳಗೆ ಹಾರ್ಫ್‌ಬಝ್ ಅನ್ನು ಕೂರಿಸಿದರು. 2017ರ 1.5.3ರಲ್ಲಿ ಅದು ಹೊರಬಂತು. ಅವರು ತೋಡಿದ್ದು ತಮ್ಮ ಬಾಯಾರಿಕೆಗೆ, ಆದರೆ ಬಾವಿಯ ನೀರು ನಮಗೂ ಸಿಕ್ಕಿತು. ಒಮಾನಿನ ಮಾಹಿತಿ ತಂತ್ರಜ್ಞಾನ ಪ್ರಾಧಿಕಾರದ ಆಸರೆಯಲ್ಲಿ 2015ರಲ್ಲಿ ಹುಟ್ಟಿದ ರಕ್ಮ್ ಎಂಬ ಇನ್ನೊಂದು ಸಣ್ಣ ಪಠ್ಯ ಸಲಕರಣೆ ಮುಂದೆ ಕ್ರಿಟಾವನ್ನೂ ಸೇರಿತು. ಚಿತ್ರ ಬರೆಯುವವರ ಈ ತಂತ್ರಾಂಶ 2023ರ 5.2 ಆವೃತ್ತಿಯಲ್ಲಿ ತನ್ನ ಪಠ್ಯದ ಎಂಜಿನ್ನನ್ನು ಹಾರ್ಫ್‌ಬಝ್ ಮತ್ತು ರಕ್ಮ್ ಮೇಲೆ ಹೊಸದಾಗಿ ಕಟ್ಟಿಕೊಂಡಿತು. ಸಾಂಖಳಿಯ ಹುಡುಗನೊಬ್ಬ ಇಂದು ಕ್ರಿಟಾದಲ್ಲಿ ಚಿತ್ರಕಥೆ ಬರೆದು ಮಾತಿನ ಗುಳ್ಳೆಯೊಳಗೆ ಕನ್ನಡ ತುಂಬಿದರೆ, ಅದರ ಹಿಂದೆ ಒಮಾನಿನವರ ಬೆವರಿದೆ.

ಸ್ಕ್ರೈಬಸ್ ಬಗ್ಗೆ ಒಂದು ಆಕ್ಷೇಪವನ್ನು ಹೇಳಲೇಬೇಕು. 2017ರಲ್ಲಿ ಸಿದ್ಧವಾದ ಈ ಗುಣ 'ಸ್ಥಿರ ಆವೃತ್ತಿ' ಎಂಬ ಮುದ್ರೆಯೊಂದಿಗೆ ಬಂದದ್ದು 2024ರ ಜನವರಿಯ 1.6.0ರಲ್ಲಿ. ಆ ಸುಮಾರು ಏಳು ವರ್ಷ ಸಾಮಾನ್ಯ ಬಳಕೆದಾರ 1.4 ಇಳಿಸಿಕೊಂಡು, ಅಕ್ಷರ ಮುರಿದದ್ದು ಕಂಡು, ಇದು ಕನ್ನಡಕ್ಕೆ ಆಗಿಬರದು ಎಂದು ಕೈಬಿಟ್ಟ. ಅಂಥವರನ್ನು ಮರಳಿ ಕರೆತರುವುದು ಹೊಸ ಗುಣ ಬರೆಯುವುದಕ್ಕಿಂತ ಕಷ್ಟ.

ಬೆಳೆಯುವ ಬಗೆಗೆ ಮಾದರಿ ಬೇಕಿದ್ದರೆ ಮೂರು ಆಯಾಮದ ಆನಿಮೇಷನ್ ಮಾಡುವ ಬ್ಲೆಂಡರ್ ಇದೆ. 2002ರಲ್ಲಿ ಅದನ್ನು ಹುಟ್ಟುಹಾಕಿದ್ದ ಟೋನ್ ರೂಸೆಂಡಾಲ್ ಜನರಿಂದಲೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಖಾಸಗಿ ಒಡೆತನದ ಬಂಧನದಿಂದ ಬಿಡಿಸಿದರು. ಆಮೇಲೆ ಅವರು ಮಾಡಿದ್ದು ಇನ್ನೂ ದೊಡ್ಡದು. ಕಲಾವಿದರನ್ನು ಕರೆಸಿ, ಕೋಡು ಬರೆಯುವವರ ಪಕ್ಕದಲ್ಲೇ ಕೂರಿಸಿ, ಸಿನಿಮಾ ಮಾಡಿಸಿದರು. 2006ರ ಎಲಿಫೆಂಟ್ಸ್ ಡ್ರೀಮ್, 2008ರ ಬಿಗ್ ಬಕ್ ಬನ್ನಿ ಹೀಗೆ ಬಂದವು. ಕಲಾವಿದನ ಕೈ ಎಲ್ಲಿ ತಡವರಿಸಿತೋ ಅಲ್ಲೇ ತಂತ್ರಾಂಶ ತಿದ್ದಿಕೊಂಡಿತು. 2019ರ 2.80ರಲ್ಲಿ ಇಡೀ ಮುಖವನ್ನೇ ಬದಲಿಸುವ ಧೈರ್ಯ ಅದಕ್ಕೆ ಬಂದದ್ದು ಆ ಒಡನಾಟದಿಂದ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯದ ಆನಿಮೇಷನ್ ಚಿತ್ರ ಫ್ಲೋ ತಯಾರಾದದ್ದು ಬ್ಲೆಂಡರಿನಲ್ಲಿ.

ಬ್ಲೆಂಡರ್ ಗೆದ್ದದ್ದೂ ಸ್ಕ್ರೈಬಸ್‌ಗೆ ಒತ್ತಕ್ಷರ ಬಂದದ್ದೂ ಒಂದೇ ಕಾರಣಕ್ಕೆ. ಕೊರತೆಯನ್ನು ಅನುಭವಿಸಿದವನು ಕಟ್ಟುವವನ ಜೊತೆ ಒಂದೇ ಮಣೆಯ ಮೇಲೆ ಕೂತ. ಜಿಂಪ್ ಎಡವಿದ್ದೂ ಇದರ ಅಭಾವದಿಂದಲೇ: ಕೇಳಲು ಬಂದ ಸಿನಿಮಾದವರು ಬೇರೆ ಕವಲು ಹಿಡಿದು ಹೋದರು, ಅವರ ಬೇಡಿಕೆ ಎರಡು ದಶಕ ಕಾಯಿತು.

ಹಾಗಾದರೆ ಕನ್ನಡದ ಪರವಾಗಿ ಆ ಮಣೆಯ ಮೇಲೆ ಕೂತವರು ಯಾರು? ಕೆಲವರಿದ್ದಾರೆ, ಅವರನ್ನು ನೆನೆಯದಿದ್ದರೆ ತಪ್ಪಾದೀತು. ಅರವಿಂದ ವಿ.ಕೆ. ಗುಬ್ಬಿ ಫಾಂಟನ್ನು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟರು. ಕೈಬರಹದ ಚೆಲುವಿನ ನವಿಲು ಫಾಂಟ್ ಕೂಡ ಹಾಗೇ ಸಿಗುತ್ತದೆ. ಆದರೆ ಸಾಲಿನ ಕೊನೆಯಲ್ಲಿ ಕನ್ನಡ ಪದವನ್ನು ಎಲ್ಲಿ ಒಡೆಯಬಹುದೆಂಬ ನಿಯಮಗಳ ಪಟ್ಟಿಯನ್ನು ಬರೆದವರು ಮಲಯಾಳದ ಸಂತೋಷ್ ತೊಟ್ಟಿಂಗಲ್, ತಮ್ಮ ಭಾಷೆಗೆ ಬರೆಯುವಾಗ ಉಳಿದ ಭಾರತೀಯ ಭಾಷೆಗಳಿಗೂ ಬರೆದರು. ಕೂಡಿಸುವ ಎಂಜಿನ್ ಇರಾನಿನವರದು, ಪುಟಕ್ಕೆ ತಂದದ್ದು ಒಮಾನಿನವರು, ಪದ ಒಡೆದದ್ದು ಕೇರಳದವರು. ಇಷ್ಟು ಉಪಕಾರ ಪಡೆದ ಭಾಷೆಯ ನಾವು, ದಿನವೂ ಕಾರ್ಡು, ಬ್ಯಾನರು, ಕರಪತ್ರ ಮಾಡುವ ಸಾವಿರಾರು ಜನ, ಅಕ್ಷರ ಮುರಿದಾಗ ಏನು ಮಾಡುತ್ತೇವೆ? ಒತ್ತನ್ನು ಕೈಯಿಂದ ಎಳೆದು ಜಾಗಕ್ಕೆ ಕೂರಿಸಿ ಸುಮ್ಮನಾಗುತ್ತೇವೆ. ನಾನೂ ಬಹಳ ವರ್ಷ ಅದನ್ನೇ ಮಾಡಿದೆ. ಆ ತೇಪೆ ಆ ಕಾರ್ಡನ್ನಷ್ಟೇ ಉಳಿಸುತ್ತದೆ, ಮುಂದಿನ ಊರಿನ ಮುಂದಿನ ಲಕ್ಷ್ಮೀ ಮತ್ತೆ ಮುರಿಯುತ್ತಾಳೆ.

ಈಗ ಮೇಜಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಲಕ್ಷ್ಮೀ, ಧರ್ಮ, ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಕೃಷ್ಣಾರ್ಪಣ. ಹೊಸ ಆವೃತ್ತಿ ಬಂದ ದಿನ, ಹೊಸ ಫಾಂಟ್ ಇಳಿಸಿದ ದಿನ ಆರೂ ಪದ ಬರೆದು ನೋಡುತ್ತೇನೆ. ತಪ್ಪಿದರೆ ತಂತ್ರಾಂಶದ ಆವೃತ್ತಿ, ಫಾಂಟಿನ ಹೆಸರು, ಬರೆದ ಪಠ್ಯ, ಬಂದ ಚಿತ್ರ, ಬರಬೇಕಾಗಿದ್ದ ಚಿತ್ರ, ಇಷ್ಟನ್ನು ಕೂಡಿಸಿ ಅಭಿವೃದ್ಧಿಕಾರರಿಗೆ ಕಳಿಸುತ್ತೇನೆ. ಇದಕ್ಕೆ ಕೋಡು ಬರೆಯುವ ವಿದ್ಯೆ ಬೇಡ. ಕನ್ನಡ ಓದಲು ಬರಬೇಕು, ಮುರಿದದ್ದನ್ನು ಮುರಿದಿದೆ ಎನ್ನಬೇಕು.

ಅಂದು ಆ ತಾಯಿ ಹೇಳಿದ ಮಾತನ್ನು ಈಗ ಮತ್ತೆ ಓದಿ ನೋಡಿ. ಏನು ತಪ್ಪಾಗಿದೆ, ಮಕಾರ ಎಲ್ಲಿರಬೇಕಿತ್ತು, ಎಲ್ಲಿ ಬಂದು ನಿಂತಿದೆ, ಅದರಿಂದ ಯಾರಿಗೆ ನೋವು, ಎಲ್ಲವೂ ನಾಲ್ಕು ಮಾತಿನಲ್ಲಿ ಇದೆ. ಯಾವ ಅಭಿವೃದ್ಧಿಕಾರನೂ ಕೈಮುಗಿದು ತೆಗೆದುಕೊಳ್ಳುವಂಥ ದೋಷವರದಿ ಅದು. ಅವರು ಅದನ್ನು ಹೇಳಿದ್ದು ನನಗೆ. ಮುಂದಕ್ಕೆ ಮುಟ್ಟಿಸಬೇಕಾದವನು ನಾನಾಗಿದ್ದೆ.