ನೂರ ಅರವತ್ತು ಗಂಟೆಯ ಸರ್ಟಿಫಿಕೇಟು

ಒಕಾಜಾಕಿಗೆ ಬಂದ ಮೊದಲ ವಾರ, ವಿಳಾಸ ನೋಂದಾಯಿಸೋಕೆ ಅಂತ ಇಲ್ಲಿನ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿ ಸಮವಸ್ತ್ರ ಹಾಕಿಕೊಂಡ ಒಬ್ಬ ಅಜ್ಜ ನಿಂತಿದ್ದರು. ಎಪ್ಪತ್ತು ದಾಟಿರಬೇಕು. ನನ್ನ ಜಪಾನೀಸ್ ಆಗ 'ಸುಮಿಮಾಸೆನ್' ಆಚೆಗೆ ಹೋಗಿರಲಿಲ್ಲ. ಅಜ್ಜ ನನ್ನ ಕೈಲಿದ್ದ ಕಾಗದ ನೋಡಿದರು, ಎರಡು ಬೆರಳೆತ್ತಿ ಎರಡನೇ ಕೌಂಟರ್ ತೋರಿಸಿದರು, ಟೋಕನ್ ಮೆಷಿನ್ ತನಕ ನಡೆದು ಬಂದು ಗುಂಡಿ ತಾವೇ ಒತ್ತಿ ಚೀಟಿ ಕೊಟ್ಟರು. ಒಂದು ನಿಮಿಷವೂ ಆಗಲಿಲ್ಲ.

ಚೀಟಿ ಹಿಡಿದು ಕೂತಾಗ ನನಗೆ ಬಂದ ಯೋಚನೆ ಮಾತ್ರ ಕೃತಜ್ಞತೆಯದ್ದಲ್ಲ. ಯಾರಾದರೂ ಚಾಕು ಹಿಡಿದು ಒಳಗೆ ಬಂದರೆ ಈ ಅಜ್ಜ ಏನು ಮಾಡ್ತಾರೆ? ಇವರಿಗೆ ಏನು ಕಲಿಸಿದ್ದಾರೆ? ಕಲಿತಿದ್ದಾರೆ ಅಂತ ನೋಡಿದವರು ಯಾರು?

ಈ ಪ್ರಶ್ನೆ ನನಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಸೋದರಮಾವ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಆರು ವರ್ಷ ಸೆಕ್ಯೂರಿಟಿ ಗಾರ್ಡ್ ಆಗಿದ್ದರು. ಅವರ ಕಥೆಗೆ ಆಮೇಲೆ ಬರ್ತೀನಿ. ಮೊದಲು ನಿಯಮಗಳನ್ನು ಓದೋಣ. ಈ ಬ್ಲಾಗಿನಲ್ಲಿ ಸಾಮಾನ್ಯವಾಗಿ ಪುಸ್ತಕ, ಸಿನಿಮಾಗಳ ವಿಮರ್ಶೆ ಬರುತ್ತದೆ. ನಿಯಮವೂ ಒಂದು ಬರಹವೇ ತಾನೆ. ಅದರಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಅಂತ ಕಾದಂಬರಿ ಓದಿದ ಹಾಗೇ ಓದಬಹುದು.

ಜಪಾನಿನಲ್ಲಿ ಖಾಸಗಿ ಗಾರ್ಡ್‌ಗಳಿಗೆ 1972ರ ಒಂದು ಕಾಯ್ದೆ ಇದೆ. ಹೊಸದಾಗಿ ಸೇರಿದವರಿಗೆ ಕೆಲಸಕ್ಕೆ ನಿಲ್ಲುವ ಮೊದಲು 20 ಗಂಟೆ ತರಬೇತಿ, ಆಮೇಲೆ ಪ್ರತಿ ವರ್ಷ 10 ಗಂಟೆ. 2019ರ ಆಗಸ್ಟ್ ತನಕ ಇದು 30 ಗಂಟೆ ಇತ್ತು, ಇಳಿಸಿದರು. ಇಲ್ಲಿ ಈ ಕೆಲಸಕ್ಕೆ ಜನ ಸಿಗೋದಿಲ್ಲ, ಇರುವವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ 60 ದಾಟಿದವರು. ಹಾಗಾಗಿ ಇಳಿಕೆಯಿಂದ ಕಂಪನಿಗಳಿಗೆ ಹಗುರ ಆಗಿರಬೇಕು ಅನ್ನುವುದು ನನ್ನ ಓದು.

ಇದರ ಜೊತೆಗೆ 'ಕೆಂತೇ' ಅಂತ ಒಂದು ಪರೀಕ್ಷೆ ಇದೆ. ವಿಮಾನ ನಿಲ್ದಾಣ, ಕಟ್ಟಡ, ಜನಸಂದಣಿ, ವಾಹನ ಸಂಚಾರ, ಅಣು ಇಂಧನ ಸಾಗಣೆ, ಬೆಲೆಬಾಳುವ ವಸ್ತುಗಳ ಸಾಗಣೆ: ಹೀಗೆ ಆರು ಬಗೆ, ಪ್ರತಿಯೊಂದಕ್ಕೂ ಎರಡು ದರ್ಜೆ. ಬರೆಯುವ ಪರೀಕ್ಷೆಯಲ್ಲೂ ಮಾಡಿ ತೋರಿಸುವ ಪರೀಕ್ಷೆಯಲ್ಲೂ ನೂರಕ್ಕೆ 90 ಬರಬೇಕು. ನಮ್ಮ 35ಕ್ಕೆ ಪಾಸ್ ಎಲ್ಲಿ, ಇದೆಲ್ಲಿ! ಸರ್ಟಿಫಿಕೇಟ್ ಕೊಡುವುದು ಗಾರ್ಡ್ ಕಂಪನಿಯಲ್ಲ, ಆಯಾ ಪ್ರಾಂತ್ಯದ ಸಾರ್ವಜನಿಕ ಸುರಕ್ಷತಾ ಆಯೋಗ. ಜನಸಂದಣಿಗೆ ಪ್ರತ್ಯೇಕ ಪರೀಕ್ಷೆ ಬಂದದ್ದರ ಹಿಂದೆ ಒಂದು ದುರಂತ ಇದೆ. 2001ರ ಜುಲೈನಲ್ಲಿ ಅಕಾಶಿ ಊರಿನ ಬಾಣಬಿರುಸಿನ ಹಬ್ಬದಲ್ಲಿ, ಕಾಲ್ನಡಿಗೆ ಸೇತುವೆ ಮೇಲಿನ ನೂಕುನುಗ್ಗಲಿಗೆ 11 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಆದರೆ ಜಪಾನನ್ನು ಹೊಗಳಿ ಮುಗಿಸಲಿಕ್ಕೆ ಆಗೋದಿಲ್ಲ. ಕಟ್ಟಡ ಕಾವಲಿಗೆ ಪರೀಕ್ಷೆ ಪಾಸಾದವರೇ ಇರಬೇಕು ಅಂತ ಕಾಯ್ದೆ ಕಡ್ಡಾಯ ಮಾಡುವ ಜಾಗಗಳು ತೀರಾ ಕಡಿಮೆ, ಮುಖ್ಯವಾಗಿ ಅಣು ವಸ್ತು ಇರುವ ಸ್ಥಾವರಗಳು. ನಗರಸಭೆ ಕಚೇರಿ ಆ ಪಟ್ಟಿಯಲ್ಲಿಲ್ಲ. ಕಚೇರಿಯವರು ಬೇಕಾದರೆ ಟೆಂಡರಿನಲ್ಲಿ ಕೇಳಬಹುದು, ಕಾಯ್ದೆ ಮಾತ್ರ ಕೇಳೋದಿಲ್ಲ. ಅಂದರೆ ನನಗೆ ಟೋಕನ್ ತೆಗೆದುಕೊಟ್ಟ ಅಜ್ಜ ಬರೀ 20 ಗಂಟೆಯ ಮೇಲೆ ಅಲ್ಲಿ ನಿಂತಿದ್ದರೂ ಅದು ಕಾನೂನಿಗೆ ಸರಿಯೇ.

ಈಗ ನಮ್ಮ ದೇಶಕ್ಕೆ ಬನ್ನಿ. ವಿಧಾನಸೌಧದಂಥ ಕಟ್ಟಡಕ್ಕೆ ಪೊಲೀಸರ ಕಾವಲಿದೆ, ಅದು ಬೇರೆ ಲೋಕ. ನಾನು ಹೇಳುತ್ತಿರುವುದು ಸಣ್ಣಪುಟ್ಟ ಕಚೇರಿ, ಸರ್ಕಾರಿ ಆಸ್ಪತ್ರೆ, ನಿಗಮಗಳ ಕಟ್ಟಡಗಳ ಬಗ್ಗೆ. ಅಲ್ಲೆಲ್ಲ ಟೆಂಡರ್ ಮೂಲಕ ಏಜೆನ್ಸಿಗಳು ಗಾರ್ಡ್‌ಗಳನ್ನು ಕಳಿಸುತ್ತವೆ. ಇವರಿಗೆ ಅನ್ವಯಿಸೋದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ. ಅದರ ಕೆಳಗೆ 2006ರಲ್ಲಿ ಕೇಂದ್ರ ಸರ್ಕಾರ ಮಾದರಿ ನಿಯಮ ಬರೆಯಿತು. ತರಬೇತಿ ಎಷ್ಟು ಗೊತ್ತಾ? 160 ಗಂಟೆ! 100 ಗಂಟೆ ಪಾಠ, 60 ಗಂಟೆ ಫೀಲ್ಡು, ಕನಿಷ್ಠ 20 ಕೆಲಸದ ದಿನ. ನಿವೃತ್ತ ಸೈನಿಕರಿಗೂ ಪೊಲೀಸರಿಗೂ ಮಾತ್ರ 56 ಗಂಟೆ ಸಾಕು. ಪಠ್ಯಕ್ರಮ ಓದಿದರೆ ಎಂಥವರಿಗೂ ಗೌರವ ಬರಬೇಕು. ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ, ಜನಸಂದಣಿ ನಿಯಂತ್ರಣ, ಬಾಂಬ್ ಗುರುತಿಸೋದು, ಐಪಿಸಿಯ ಅಲ್ಪಸ್ವಲ್ಪ ಜ್ಞಾನ, ಎಫ್‌ಐಆರ್ ಹಾಕಿಸೋ ಕ್ರಮ, ಪೊಲೀಸರ ಮತ್ತು ಸೈನ್ಯದವರ ಹೆಗಲಿನ ನಕ್ಷತ್ರ ಗುರುತಿಸೋದು ಎಲ್ಲ ಇದೆ. ದೇಹದಾರ್ಢ್ಯವೂ ಬೇಕು: ಒಂದು ಕಿಲೋಮೀಟರ್ ಆರು ನಿಮಿಷದಲ್ಲಿ ಓಡಬೇಕು. (ನಾನು ಇಲ್ಲಿನ ಒತೊ ನದಿ ದಂಡೆ ಮೇಲೆ ಓಡಿ ನೋಡಿದೆ. ಆಯಿತು, ಆದರೆ ಆಮೇಲೆ ಯಾರನ್ನೂ ತಡೆಯೋ ಸ್ಥಿತಿಯಲ್ಲಿ ಇರಲಿಲ್ಲ.)

ಕಾಗದದ ಮೇಲೆ ನಮ್ಮದು ಜಪಾನಿನ ಎಂಟು ಪಟ್ಟು. ಹಾಗಾದರೆ ನಮ್ಮ ಗಾರ್ಡು ಎಂಟು ಪಟ್ಟು ತಯಾರಾಗಿರಬೇಕಿತ್ತಲ್ಲ?

ಈಗ ಮಾವನ ಕಥೆ. ಅವರು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ ಫ್ಯಾಕ್ಟರಿ ಮುಚ್ಚಿತು. ಪರಿಚಯದವರೊಬ್ಬರು ಒಂದು ಏಜೆನ್ಸಿಗೆ ಸೇರಿಸಿದರು. ಬೆಳಗ್ಗೆ ಒಂಬತ್ತಕ್ಕೆ ಕರೆದು, ಅಟೆನ್ಷನ್‌ನಲ್ಲಿ ನಿಲ್ಲೋದು, ಸಲ್ಯೂಟ್ ಹೊಡೆಯೋದು, ರಿಜಿಸ್ಟರ್ ಬರೆಯೋದು ಹೇಳಿಕೊಟ್ಟರು. ಮಧ್ಯಾಹ್ನ ಯೂನಿಫಾರ್ಮ್, ಬೆಲ್ಟು, ಸೀಟಿ ಕೊಟ್ಟರು. ಅದರ ದುಡ್ಡು ಮೊದಲ ಎರಡು ಸಂಬಳದಲ್ಲಿ ಮುರಿದುಕೊಂಡರು, ಅದಿರಲಿ. ಸಂಜೆಗೆ ಪೋಸ್ಟಿಂಗ್. ಮೂರು ವಾರ ಆದಮೇಲೆ ಸೂಪರ್‌ವೈಸರ್ ಒಂದು ಸರ್ಟಿಫಿಕೇಟ್ ತಂದುಕೊಟ್ಟು ಸಹಿ ಹಾಕಿಸಿಕೊಂಡ. ಅದರಲ್ಲಿ ಮಾವ 160 ಗಂಟೆ ತರಬೇತಿ ಮುಗಿಸಿದ್ದಾರೆ ಅಂತ ಇತ್ತು. ನಿಜವಾಗಿ ಆದದ್ದು ಹೆಚ್ಚೆಂದರೆ ನಾಲ್ಕು ಗಂಟೆ. ಶೇಕಡ ಎರಡೂವರೆ.

ಎರಡನೇ ವರ್ಷ ಆ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸ್ವಿಚ್‌ಬೋರ್ಡ್ ಸುಟ್ಟು ಹೊಗೆ ತುಂಬಿತು. ಗೋಡೆ ಮೇಲೆ ಕೆಂಪು ಸಿಲಿಂಡರ್ ಇತ್ತು. ಮಾವ ಕಿತ್ತುಕೊಂಡು ಓಡಿದರು, ಹಿಡಿ ಒತ್ತಿದರು. ಏನೂ ಬರಲಿಲ್ಲ. ಮೊದಲು ಪಿನ್ನು ಎಳೀಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಕ್ಯಾಂಟೀನ್ ಹುಡುಗ ಮೇನ್ ಆಫ್ ಮಾಡಿದ, ಅಷ್ಟರಲ್ಲಿ ಒಂದು ರ‍್ಯಾಕ್ ಫೈಲು ಹೋಗಿತ್ತು. ವಿಚಾರಣೆ ಅಂತ ಕರೆದರು. ಮೇಜಿನ ಮೇಲೆ ಮಾವನ ಸರ್ಟಿಫಿಕೇಟಿನ ಜೆರಾಕ್ಸ್. "ಫೈರ್ ಟ್ರೈನಿಂಗ್ ಆಗಿದೆಯಲ್ರೀ ನಿಮಗೆ, ಸಹಿ ನಿಮ್ಮದೇ ತಾನೆ?" ಅಂತ ಕೇಳಿದರಂತೆ. ಸಹಿ ಅವರದೇ. ಹದಿನೈದು ದಿನದ ಸಂಬಳ ಹೋಯಿತು.

ತರಬೇತಿ ಕೊಡದ ಏಜೆನ್ಸಿಯನ್ನು ಆ ಸರ್ಟಿಫಿಕೇಟ್ ಕಾಪಾಡಿತು, ತರಬೇತಿ ಸಿಗದ ಮನುಷ್ಯನ ಮೇಲೆ ಸಾಕ್ಷಿಯಾಯಿತು.

ಈಗ ನಿಯಮವನ್ನು ಇನ್ನೊಂದು ಸಲ ಓದಿ. ತರಬೇತಿ ಮುಗಿದ ಮೇಲೆ ಸರ್ಟಿಫಿಕೇಟ್ ಕೊಡೋರು ಯಾರು? ತರಬೇತಿ ಸಂಸ್ಥೆಯೇ. ಪಾಠ ಹೇಳಿದವರೇ ಪಾಸು ಮಾಡೋದು. ನಿಯಂತ್ರಣಾಧಿಕಾರಿ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೇಂದ್ರ ತಪಾಸಣೆ ಮಾಡಬೇಕು ಅಂತ ಬರೆದಿದೆ. ಆದರೆ ಆ ತಪಾಸಣೆ ಕೇಂದ್ರದ್ದು. ಗಾರ್ಡಿನ ಕೈಗೆ ಸಿಲಿಂಡರ್ ಕೊಟ್ಟು 'ಎಲ್ಲಿ, ಆರಿಸು' ಅಂತ ಹೊರಗಿನವರು ನೋಡುವ ಘಟ್ಟ ಈ ನಿಯಮದಲ್ಲಿ ಎಲ್ಲೂ ಇಲ್ಲ.

ನಾನು ಡೇಟಾ ಸೈನ್ಸ್‌ನಲ್ಲಿ ಹೊಟ್ಟೆ ಹೊರೆಯೋನು. ನಮ್ಮಲ್ಲಿ ಒಂದು ಮಾಡೆಲ್ ಮಾಡಿಟ್ಟರೆ, ಅದನ್ನು ಎಷ್ಟು ಗಂಟೆ ಟ್ರೈನ್ ಮಾಡಿದೆ ಅಂತ ಯಾರೂ ಕೇಳೋದಿಲ್ಲ. ಅದು ಹಿಂದೆಂದೂ ನೋಡದ ಡೇಟಾ ಕೊಟ್ಟರೆ ಎಷ್ಟು ಸರಿ ಹೇಳುತ್ತೆ ಅಂತ ಕೇಳ್ತಾರೆ. ಆ ಡೇಟಾವನ್ನು ಮೊದಲೇ ಬೇರೆ ತೆಗೆದಿಟ್ಟಿರಬೇಕು, ಟ್ರೈನ್ ಮಾಡಿದವನ ಕೈಗೆ ಸಿಗಬಾರದು. ಮಾಸ್ಟರ್ಸ್‌ನಲ್ಲಿ ಮೊದಲ ಸೆಮಿಸ್ಟರ್ ಪಾಠ ಇದು. ಗಾರ್ಡ್‌ಗಳ ವಿಷಯದಲ್ಲಿ ಅಂಥ ಪರೀಕ್ಷೆ ಮಾಡಿ ಫಲಿತಾಂಶವನ್ನು ಜನರ ಮುಂದಿಟ್ಟದ್ದು ಅಮೆರಿಕದಲ್ಲಿ ಇದೆ. ನಿಮ್ಮಲ್ಲಿ ಅಲ್ಲಿರುವವರು ಸೋಶಿಯಲ್ ಸೆಕ್ಯೂರಿಟಿ ಕಚೇರಿ ಬಾಗಿಲಲ್ಲಿ ಈ ಗಾರ್ಡ್‌ಗಳನ್ನು ನೋಡಿರ್ತೀರಿ. ಅವರು ಗುತ್ತಿಗೆ ಕಂಪನಿಗಳವರು, ಮೇಲ್ವಿಚಾರಣೆ ಮಾತ್ರ ಫೆಡರಲ್ ಪ್ರೊಟೆಕ್ಟಿವ್ ಸರ್ವಿಸ್‌ನದ್ದು.

ನಮ್ಮ ಸಿಎಜಿಯಂಥ ಅಲ್ಲಿನ ಸಂಸ್ಥೆ, ಜಿಎಓ, 2009ರಲ್ಲಿ ತನ್ನ ಜನರ ಕೈಗೆ ಬಾಂಬಿನ ಬಿಡಿಭಾಗ ಕೊಟ್ಟು ಹತ್ತು ಬಿಗಿ ಭದ್ರತೆಯ ಕಟ್ಟಡಗಳಿಗೆ ಕಳಿಸಿತು. ಹತ್ತಕ್ಕೆ ಹತ್ತರಲ್ಲೂ ಸಲೀಸಾಗಿ ಒಳಗೆ ಹೋದರು. ಆಗ ಆ ಗಾರ್ಡ್‌ಗಳಿಗೆ ಇದ್ದ ತರಬೇತಿ ಸುಮಾರು 128 ಗಂಟೆ. ಎಕ್ಸ್‌ರೇ ಮತ್ತು ಮೆಟಲ್ ಡಿಟೆಕ್ಟರ್ ಬಳಸೋದಕ್ಕೆ ಅದರಲ್ಲಿ ಮೀಸಲಾಗಿದ್ದದ್ದು ಬರೀ 8 ಗಂಟೆ. ಒಂದು ಪ್ರದೇಶದ 1,500 ಗಾರ್ಡ್‌ಗಳಿಗೆ ಆ 8 ಗಂಟೆಯೂ 2004ರಿಂದ ಸಿಕ್ಕಿರಲಿಲ್ಲ. 2013ರಲ್ಲಿ ಫೈಲುಗಳ ಒಂದು ಮಾದರಿ ತೆಗೆದು ನೋಡಿದಾಗ, ಶೇ. 23ರಲ್ಲಿ ಅಗತ್ಯ ತರಬೇತಿಯ ಅಥವಾ ಸರ್ಟಿಫಿಕೇಟಿನ ದಾಖಲೆ ಇರಲಿಲ್ಲ. 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೊಣ್ಣೆ, ಪೆಪ್ಪರ್ ಸ್ಪ್ರೇ, ಚಾಕು ಇರುವ ಉಪಕರಣಗಳನ್ನು 27 ಸಲ ಒಳಗೆ ಒಯ್ದು ನೋಡಿದರು. ಸುಮಾರು ಅರ್ಧದಷ್ಟು ಸಲ ಗಾರ್ಡ್‌ಗಳಿಗೆ ಗೊತ್ತೇ ಆಗಲಿಲ್ಲ. 27 ಅನ್ನೋದು ಸಣ್ಣ ಸಂಖ್ಯೆ. ಅದರ ಮೇಲೆ ಇಡೀ ದೇಶದ ಲೆಕ್ಕ ಕಟ್ಟಬಾರದು. ಆದರೂ 128 ಗಂಟೆ ಅನ್ನುವ ಅಂಕಿ ಹೇಳದೇ ಇದ್ದದ್ದನ್ನು ಈ 27 ಪ್ರಯತ್ನ ಹೇಳಿತು.

ಹಾಗಾಗಿ ನಿಯಮಗಳ ಮೇಲೆ ನನ್ನ ಮುಖ್ಯ ತಕರಾರು ಇದು: ಗಂಟೆ ಎಣಿಸೋದು ಸುಲಭ, ಅದಕ್ಕೇ ಗಂಟೆ ಬರೆದಿದ್ದಾರೆ. 160 ಅಂತ ಬರೆದ ಕೂಡಲೇ ಏಜೆನ್ಸಿ ಮುಂದೆ ಎರಡು ದಾರಿ ತೆರೆದುಕೊಳ್ಳುತ್ತವೆ. ಒಂದು, 20 ದಿನ ಒಬ್ಬ ಮನುಷ್ಯನನ್ನು ಕೂರಿಸಿ ಕಲಿಸೋದು. ಇನ್ನೊಂದು, 160 ಅಂತ ಕಾಗದದ ಮೇಲೆ ಬರೆದುಬಿಡೋದು. ಕಡಿಮೆ ದರ ಕೂಗಿದವನಿಗೇ ಟೆಂಡರ್ ಹೋಗುವಲ್ಲಿ ಮೊದಲ ದಾರಿ ಹಿಡಿದವನು ಸೋಲ್ತಾನೆ. ನಿಯಮ ಎಷ್ಟು ದೊಡ್ಡದೋ ಸುಳ್ಳಿಗೆ ಅಷ್ಟು ಲಾಭ. ಜಪಾನಿನ 20 ಗಂಟೆ ಕಡಿಮೆಯೇ ಇರಬಹುದು, ಆದರೆ ಅದನ್ನು ನಿಜವಾಗಿ ಕೊಡೋದು ಕಷ್ಟವಲ್ಲ. ಅದಕ್ಕಿಂತ ಹೆಚ್ಚು ಬೇಕಾದ ಕಡೆಗೆ ಹೊರಗಿನವರು ನಡೆಸುವ ಪರೀಕ್ಷೆ ಇದೆ.

ಇನ್ನೊಂದು ತಕರಾರು ಭಾಷೆಯದ್ದು. ನಮ್ಮ ಮಾದರಿ ನಿಯಮದ ಪ್ರಕಾರ ಗಾರ್ಡಿಗೆ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳೋಕೆ ಬರಬೇಕು. ಗುರುತಿನ ಚೀಟಿ ಓದಬೇಕಲ್ಲ, ಸರಿ. ಆದರೆ ನಿಂತಿರುವ ಊರಿನ ಭಾಷೆ ಬರಬೇಕು ಅನ್ನುವ ಮಾತು ಆ ಪಟ್ಟಿಯಲ್ಲಿಲ್ಲ. ಪಿಂಚಣಿ ಕಾಗದ ಹಿಡಿದು ಬಂದ ಅಜ್ಜಿಗೆ ಸರ್ಕಾರ ಅಂದರೆ ಮೊದಲು ಕಾಣೋದೇ ಬಾಗಿಲಲ್ಲಿರುವ ಗಾರ್ಡು. ಹೊಟ್ಟೆಪಾಡಿಗೆ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. 160 ಗಂಟೆಯಲ್ಲಿ ಹೆಗಲ ನಕ್ಷತ್ರಕ್ಕೆ ಜಾಗ ಇದೆ, 'ಯಾವ ಕೆಲಸಕ್ಕೆ ಬಂದ್ರಿ ಅಜ್ಜಿ?' ಅಂತ ಕೇಳಲು ಕಲಿಸೋಕೆ ಇಲ್ಲ. ಜಪಾನೀಸ್ ಬಾರದ ನಾನು ಇಲ್ಲಿ ಬಾಗಿಲಲ್ಲಿ ನಿಂತಿದ್ದಾಗ ಆ ಅಜ್ಜಿಯ ಜಾಗದಲ್ಲೇ ಇದ್ದೆ.

ಜಪಾನಿನ ಕಾಯ್ದೆಯ 15ನೇ ಕಲಮು ನನಗೆ ತುಂಬ ಹಿಡಿಸಿತು. ಈ ಕಾಯ್ದೆಯಿಂದ ನಿಮಗೆ ಯಾವ ವಿಶೇಷ ಅಧಿಕಾರವೂ ಸಿಕ್ಕಿಲ್ಲ, ಅದನ್ನು ಮರೆಯದೆ ಕೆಲಸ ಮಾಡಿ, ಬೇರೆಯವರ ಹಕ್ಕಿಗೆ ಕೈಹಾಕಬೇಡಿ ಅಂತ ಗಾರ್ಡಿಗೂ ಕಂಪನಿಗೂ ನೇರವಾಗಿ ಹೇಳುತ್ತೆ. ಸಮವಸ್ತ್ರ ಹಾಕಿದ ಮೊದಲ ದಿನವೇ ಕೇಳಬೇಕಾದ ಮಾತು ಇದು.

ಇಷ್ಟೆಲ್ಲ ಓದಿದ ಮೇಲೆ ಏನಾದರೂ ಮಾಡಬೇಕು ಅನ್ನಿಸಿತು. ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆದೆ. ಮಾವ ಇದ್ದ ಕಚೇರಿಯ ಈಗಿನ ಗುತ್ತಿಗೆ ಕರಾರು, ಅಲ್ಲಿರುವ ಗಾರ್ಡ್‌ಗಳ ತರಬೇತಿ ಸರ್ಟಿಫಿಕೇಟುಗಳ ಪ್ರತಿ, ಆ ತರಬೇತಿ ಕೇಂದ್ರದ ತಪಾಸಣೆಯ ದಿನಾಂಕಗಳು: ಮೂರೇ ಪ್ರಶ್ನೆ, ಹತ್ತು ರೂಪಾಯಿ ಶುಲ್ಕ. ಸಹಿ ಮಾವನದ್ದಿರಲಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ.

ರಾತ್ರಿ ಫೋನ್ ಬಂತು. "ಬೇಡ ಕಣೋ," ಅಂದರು. "ಸರ್ಟಿಫಿಕೇಟ್ ಸುಳ್ಳು ಅಂತ ಗೊತ್ತಾದ್ರೆ ಏಜೆನ್ಸಿಯೋನು ಬೇರೆ ಹೆಸರಲ್ಲಿ ಲೈಸೆನ್ಸ್ ಮಾಡಿಸ್ಕೊಂಡು ಬರ್ತಾನೆ. ಮನೆಗೆ ಹೋಗೋದು ಆ ಹುಡುಗ್ರು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಯನ್ನು ತಿದ್ದುತ್ತಾ ಇದ್ದೀನಿ. ಈಗ ಸರ್ಟಿಫಿಕೇಟುಗಳ ಪ್ರತಿ ಕೇಳೋದು ಬಿಟ್ಟೆ, ಒಬ್ಬ ಗಾರ್ಡಿನ ಹೆಸರೂ ಹೊರಗೆ ಬರಬಾರದು. ತಪಾಸಣೆ ಮಾಡಿದ ಅಧಿಕಾರಿ ಯಾವ ದಿನ ಹೋಗಿದ್ದರು, ಆ ದಿನ ತರಗತಿಯಲ್ಲಿ ಎಷ್ಟು ಜನ ಕೂತಿದ್ದರು ಅನ್ನೋ ಎರಡೇ ಪ್ರಶ್ನೆ ಉಳಿದಿವೆ. ಮಾವ ಇನ್ನೂ ಸಹಿ ಹಾಕಿಲ್ಲ.