ಬಲೆಯೋ, ಇಲ್ಲಣವೋ?

ಜೇಡ ನೇಯ್ದದ್ದಕ್ಕೆ ಕನ್ನಡದಲ್ಲಿ ಎರಡು ಹೆಸರಿವೆ. ಬೆಳಗಿನ ಬಿಸಿಲಲ್ಲಿ ದಾಸವಾಳದ ಕೊಂಬೆಗಳ ನಡುವೆ ಮಿನುಗುವುದು ಬಲೆ. ಹಳೆಯ ಅಡುಗೆಮನೆಯ ಜಂತಿಯಿಂದ ಮಸಿ ಹಿಡಿದು ಜೋತಾಡುವುದು ಇಲ್ಲಣ. ಬಲೆಯಲ್ಲಿ ಜೇಡ ಹೊಂಚಿ ಕೂತಿರುತ್ತದೆ. ಇಲ್ಲಣ ಅದು ಬಿಟ್ಟುಹೋದ ಮನೆ. ಆಟದ ಮೇಜಿನ ಮೇಲಿಡುವ ಜೇಡದ ಬೊಂಬೆಗಳನ್ನು ತೂಗಿ ನೋಡಲು ನನಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ.

ಕಿರುಬೊಂಬೆಗಳನ್ನಿಟ್ಟು ಆಡುವ ಮಿನಿಯೇಚರ್ ಆಟಗಳಲ್ಲಿ ಜೇಡ ಕಾಯಂ ಒಕ್ಕಲು. 1937ರ 'ದಿ ಹಾಬಿಟ್'ನಲ್ಲಿ ಟೋಲ್ಕಿನ್ ಕಾಡಿನ ತುಂಬ ದೈತ್ಯ ಜೇಡಗಳನ್ನು ಬಿಟ್ಟರು. 1954ರ 'ದಿ ಟೂ ಟವರ್ಸ್'ನಲ್ಲಿ ಶೆಲೋಬ್ ಎಂಬ ದೈತ್ಯ ಹೆಣ್ಣುಜೇಡ ಬಂದಳು. 1974ರಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಮುಂದೆ ಲೋಲ್ತ್ ಎಂಬ ಜೇಡರಾಣಿಯನ್ನೇ ದೇವತೆಯಾಗಿ ಕೂರಿಸಿತು. ಅಲ್ಲಿಂದೀಚೆಗೆ ತವರದಲ್ಲಿ, ಪ್ಲಾಸ್ಟಿಕ್ಕಿನಲ್ಲಿ, ಈಗೀಗ ತ್ರೀಡಿ ಪ್ರಿಂಟರಿನ ರಾಳದಲ್ಲಿ ಎಷ್ಟೋ ಜೇಡಗಳು ಬಂದಿವೆ. ತಂದವರು ಜೋಡಿಸಿ, ಬಣ್ಣ ಬಳಿದು, ಸುತ್ತ ಬಲೆ ಕಟ್ಟುತ್ತಾರೆ. ಹೊಗಳಬೇಕಾದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ನಿಜವಾದದ್ದರ ಹಾಗೇ ಇದೆ.' ಆ ಮಾತು ಎಷ್ಟು ನಿಜ ಎಂಬುದೇ ನನ್ನ ಪ್ರಶ್ನೆ.

ಇದನ್ನು ಅಳೆಯಲು ವಿಚಿತ್ರವಾದ ಒಂದು ಅನುಕೂಲವಿದೆ. ಈ ಆಟಗಳಲ್ಲಿ ಮನುಷ್ಯನ ಬೊಂಬೆ ಸುಮಾರು 28 ಮಿಲಿಮೀಟರ್ ಎತ್ತರ. ಅಂದರೆ ಆಸುಪಾಸು ಅರವತ್ತರಲ್ಲಿ ಒಂದು ಪಾಲು. ಅವನ ಎದುರು ನಿಲ್ಲುವ ಸಾಧಾರಣ 'ದೈತ್ಯ' ಜೇಡದ ಮೈ ಮೂರು ನಾಲ್ಕು ಸೆಂಟಿಮೀಟರ್. ಪಶ್ಚಿಮ ಘಟ್ಟದ ಕಾಡಿನಲ್ಲಿ ಚಿನ್ನದ ಬಣ್ಣದ ಬಲೆ ನೇಯುವ ನೆಫಿಲಾ ಜಾತಿಯ ಹೆಣ್ಣುಜೇಡದ ಮೈಯೂ ಅಷ್ಟೇ. ಮೇಜಿನ ಮೇಲೆ ಕಿರಿದಾಗಿರುವವನು ಮನುಷ್ಯ. ಜೇಡ ತನ್ನ ನಿಜಗಾತ್ರದಲ್ಲೇ ಇದೆ. ಆದ್ದರಿಂದ ಬೊಂಬೆಯನ್ನು ಜೀವದ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಹುದು.

ಹೋಲಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಅಂಗರಚನೆಯ ತಪ್ಪುಗಳು. ಜೇಡದ ಮೈಗೆ ಎರಡೇ ಭಾಗ. ಎಂಟೂ ಕಾಲುಗಳು ಮುಂದಿನ ಭಾಗಕ್ಕೇ ಅಂಟಿರುತ್ತವೆ. ಅಗ್ಗದ ಆಟಿಕೆಗಳಲ್ಲಿ ಹಿಂಗಾಲುಗಳು ಹೊಟ್ಟೆಯಿಂದ ಹೊರಡುತ್ತವೆ. ಬಾಯ ಪಕ್ಕದ ಎರಡು ಕಿರುಗೈಗಳನ್ನು ಮರೆತೇಬಿಡುವವರಿದ್ದಾರೆ. ಬಣ್ಣದಲ್ಲೂ ಹಾಗೆಯೇ. ಕಪ್ಪು ವಿಧವೆ ಜೇಡದ ಕೆಂಪು ಡಮರುಗದ ಗುರುತು ಇರುವುದು ಹೊಟ್ಟೆಯ ಅಡಿಯಲ್ಲಿ. ನಮ್ಮ ಕಲಾವಿದರು ಅದನ್ನು ಬೆನ್ನ ಮೇಲೆ ಬರೆದು ಸಂತೋಷಪಡುತ್ತಾರೆ. ನಿರ್ದೇಶಕ ಪೀಟರ್ ಜಾಕ್ಸನ್ ಟೋಲ್ಕಿನ್ ಕಥೆಯ 2003ರ ಸಿನಿಮಾದಲ್ಲಿ ಶೆಲೋಬಳ ಹೊಟ್ಟೆಯ ತುದಿಗೆ ಕಣಜದ ಕೊಂಡಿ ಕೊಟ್ಟರು. ನಿಜದ ಜೇಡಕ್ಕೆ ವಿಷ ಇರುವುದು ಬಾಯಿಯ ಕೋರೆಯಲ್ಲಿ, ಹಿಂದೆ ಇರುವುದು ನೂಲು ತೆಗೆಯುವ ಮೊಲೆತೊಟ್ಟಿನಂಥ ಅಂಗಗಳು.

ಆದರೂ ಈ ತಪ್ಪುಗಳನ್ನು ನಾನು ಕ್ಷಮಿಸಬಲ್ಲೆ. ಕಲ್ಪನೆಯ ಜೇಡಕ್ಕೆ ಕೊಂಡಿ ಬೇಕಿದ್ದರೆ ಇರಲಿ. ಕ್ಷಮಿಸಲಾಗದ್ದು ನಿಲುವಿನ ತಪ್ಪು. ಜೇಡದ ಕಾಲನ್ನು ಮಡಿಸಲು ಸ್ನಾಯುಗಳಿವೆ, ಆದರೆ ಅದರ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದು ಕಾಲು ಚಾಚುತ್ತದೆ. ಸತ್ತಾಗ ಒತ್ತಡ ಇಳಿದು ಕಾಲುಗಳು ಒಳಕ್ಕೆ ಮುದುಡಿಕೊಳ್ಳುವುದು ಇದಕ್ಕೇ. ಜೀವಂತ ಜೇಡ ಎಂದರೆ ಎಂಟು ಕಾಲುಗಳಲ್ಲಿ ತುಂಬಿ ನಿಂತ ಬಿಗಿ. ಬಹಳಷ್ಟು ಬೊಂಬೆಗಳಲ್ಲಿ ಎಂಟೂ ಕಾಲು ಒಂದೇ ಕೋನದಲ್ಲಿ ಬಗ್ಗಿ, ಮೇಜಿನ ಕಾಲುಗಳ ಹಾಗೆ ನಿಂತಿರುತ್ತವೆ. ರೋಮ ರೋಮವನ್ನೂ ಕೆತ್ತಿದ್ದರೂ ಅಂಥ ಜೇಡ ಸತ್ತದ್ದೇ.

ಇಲ್ಲಿ ಮಿನಿಯೇಚರ್ ತಯಾರಿಸುವ ಕಂಪನಿ ಗೇಮ್ಸ್ ವರ್ಕ್‌ಶಾಪ್ 2010ರಲ್ಲಿ ಹೊರತಂದ 'ಅರಾಕ್ನರಾಕ್' ಕಿಟ್ ಬೇರೆಯಾಗಿ ನಿಲ್ಲುತ್ತದೆ. ಬೆನ್ನ ಮೇಲೆ ಗಾಬ್ಲಿನ್‌ಗಳ ತಂಡವನ್ನೇ ಹೊತ್ತ ಈ ಪ್ಲಾಸ್ಟಿಕ್ ಜೇಡ ಅಂಬಾರಿಯ ಆನೆಯಂತೆ ಬರುತ್ತದೆ. ಜೀವಶಾಸ್ತ್ರದ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಡಿಮೆ: ಕಾಲು ದಪ್ಪ, ಮೈಯೆಲ್ಲ ಮುಳ್ಳು. ಆದರೆ ದಪ್ಪಕ್ಕೆ ಸಮರ್ಥನೆಯಿದೆ. ಪ್ರಾಣಿ ದೊಡ್ಡದಾದಂತೆ ತೂಕ ಏರುವ ವೇಗದಲ್ಲಿ ಕಾಲಿನ ಬಲ ಏರುವುದಿಲ್ಲ, ಆದ್ದರಿಂದ ಕಾಲು ಅಳತೆ ಮೀರಿ ದಪ್ಪವಾಗಬೇಕು ಎಂದು ಗೆಲಿಲಿಯೊ 1638ರಲ್ಲೇ ತೋರಿಸಿಕೊಟ್ಟಿದ್ದ. ಆನೆಯಷ್ಟು ದೊಡ್ಡ ಜೇಡಕ್ಕೆ ಸಣಕಲು ಕಾಲು ಕೊಟ್ಟಿದ್ದರೆ ಅದೇ ಸುಳ್ಳಾಗುತ್ತಿತ್ತು. ಕಮಾನಾಗಿ ಮೇಲೆದ್ದ ಅದರ ಮಂಡಿಗಳಲ್ಲಿ ಭಾರವೂ ಇದೆ, ಬಿಗಿಯೂ ಇದೆ. ಮುಳ್ಳುಗಳು ಮಾತ್ರ ಬರಿಯ ಅಬ್ಬರ.

ಜೇಡಕ್ಕಿಂತ ಕಷ್ಟ ಬಲೆ. ಹೆಚ್ಚಿನವರು ಹಿಡಿಯುವ ದಾರಿ ಎರಡು. ಹತ್ತಿಯನ್ನೋ ಪಾಲಿಯೆಸ್ಟರ್ ಎಳೆಯನ್ನೋ ಹಿಂಜಿ ಹರಡುವುದು ಒಂದು. ಗ್ಲೂ ಗನ್ನಿನ ಬಿಸಿ ಅಂಟನ್ನು ಎಳೆ ಎಳೆಯಾಗಿ ಜಗ್ಗುವುದು ಇನ್ನೊಂದು. ಎರಡೂ ಬೇಗ ಆಗುತ್ತವೆ, ದೂರದಿಂದ ಚೆನ್ನಾಗಿಯೂ ಕಾಣುತ್ತವೆ. ಆದರೆ ಲೆಕ್ಕ ಹಾಕಿ ನೋಡಿ. 0.2 ಮಿಲಿಮೀಟರಿನ ಅಂಟಿನ ಎಳೆಯನ್ನು ಅರವತ್ತರಿಂದ ಗುಣಿಸಿದರೆ 12 ಮಿಲಿಮೀಟರ್. ಬೊಂಬೆಯ ಪಾಲಿಗೆ ಅದು ಬಾವಿಯ ಹಗ್ಗ. ಅದಕ್ಕಿಂತ ದೊಡ್ಡ ದೋಷವೆಂದರೆ ಎಳೆಗಳು ಜೋಲುತ್ತವೆ. ಹತ್ತಿಯಿಂದ ಬರುವುದು ಇಲ್ಲಣ, ಬಲೆಯಲ್ಲ. ಪಾಳು ಗುಹೆಯನ್ನೋ ಮರೆತ ಸಮಾಧಿಯನ್ನೋ ತೋರಿಸಲು ಅದು ಸರಿಯಾದ ವಸ್ತು. ಬೇಟೆಗೆ ನಿಂತ ಜೇಡದ ಸುತ್ತ ಅದನ್ನು ಹರಡಿದರೆ ಕಥೆ ಕೆಡುತ್ತದೆ.

ಚಕ್ರಾಕಾರದ ಬಲೆಯ ಕಸುಬೇ ಬೇರೆ. ಜೇಡ ಮೊದಲು ಗಾಲಿಯ ಅರಗಳಂತೆ ಅಂಟಿಲ್ಲದ ಎಳೆಗಳನ್ನು ಬಿಗಿದು ಕಟ್ಟುತ್ತದೆ; ಅಂಟಿನ ಹನಿಗಳುಳ್ಳ ಸುರುಳಿಯನ್ನು ಆಮೇಲೆ ಹೊರಗಿನಿಂದ ಒಳಕ್ಕೆ ಸುತ್ತುತ್ತದೆ. ಬಲೆಯ ನಡು ಸಾಮಾನ್ಯವಾಗಿ ಸ್ವಲ್ಪ ಮೇಲಕ್ಕಿದ್ದು ಕೆಳಭಾಗ ದೊಡ್ಡದಾಗಿರುತ್ತದೆ. ಅರದಿಂದ ಅರಕ್ಕೆ ಹೋಗುವ ಎಳೆ ಹೆಚ್ಚುಕಡಿಮೆ ನೇರ. ಚಿತ್ರಗಳಲ್ಲಿ ಬರೆಯುವ ತೋರಣದಂಥ ಬಾಗು ಅಲ್ಲಿಲ್ಲ. ಇದನ್ನು ಅನುಕರಿಸಲು ಹಳೆಯ ಮಾಡೆಲ್ ಕಸುಬಿನ ಒಂದು ಉಪಾಯ ಸಾಕು: ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಮೆದುಗೊಳಿಸಿ ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ತೆಳುವಾದ, ನೆಟ್ಟಗಿನ ಎಳೆ ಬರುತ್ತದೆ. ಅದರಿಂದ ಮೊದಲು ಅರ, ಆಮೇಲೆ ಸುರುಳಿ. ಕೊನೆಗೆ ಹೊಳಪಿನ ವಾರ್ನಿಷ್‌ನ ಚುಕ್ಕೆ. ಒಂದು ಸಂಜೆಗೆ ಅಂಗೈಯಗಲದ ಒಂದು ಬಲೆ ಆದರೆ ಹೆಚ್ಚು. ಆದರೆ ಅದು ಬಲೆ.

ಇನ್ನೊಂದು ಮಾತು. ಬಲೆಗೂ ಜೇಡಕ್ಕೂ ನಂಟಿರಬೇಕು. ಟರಾಂಟುಲಾದಂಥ ರೋಮದ ಜೇಡಗಳು, ತೋಳಜೇಡ, ಜಿಗಿಯುವ ಜೇಡ ಇವು ಯಾವುವೂ ಚಕ್ರದ ಬಲೆ ಕಟ್ಟುವುದಿಲ್ಲ. ಬಹುಮಾನ ಗೆಲ್ಲುವಂಥ ಕೆಲಸಗಳಲ್ಲೂ ಚಕ್ರದ ಬಲೆಯ ನಡುವೆ ಟರಾಂಟುಲಾ ಕೂತಿರುವುದುಂಟು. ಗೀಜಗನ ಗೂಡಿನಲ್ಲಿ ಕಾಗೆ ಕೂರಿಸಿದ ಹಾಗೆ.

ಆಟಗಾರರ ಅಹವಾಲೂ ನ್ಯಾಯವಾದದ್ದೇ. ಇದು ಗಾಜಿನ ಕಪಾಟಿನ ವಸ್ತುವಲ್ಲ. ನೂರು ಕೈ ಮುಟ್ಟುತ್ತದೆ, ಡಬ್ಬಿಯಲ್ಲಿ ಕುಲುಕುತ್ತದೆ. ಕೂದಲೆಳೆಯ ಬಲೆ ಮೂರನೇ ಆಟಕ್ಕೆ ಹರಿಯುತ್ತದೆ, ಗ್ಲೂ ಗನ್ನಿನದು ಮೂರು ವರ್ಷ ಬಾಳುತ್ತದೆ. ಹಾಗಾಗಿ ಓಡಾಡುವ ಬೊಂಬೆಯ ಪೀಠಕ್ಕೆ ಗಟ್ಟಿ ಅಂಟು, ಕದಲದ ಮರ, ಗುಹೆ, ಕಮಾನುಗಳಿಗೆ ಬಿಗಿದ ಎಳೆ ಎಂದು ಹಂಚಿಕೊಳ್ಳುವುದು ಮೇಲು.

ನನ್ನ ತೀರ್ಪು ಇಷ್ಟು: ಈ ಕಸುಬು ರೋಮ, ಕಣ್ಣು, ಕೋರೆಗಳಿಗೆ ಸುರಿದಷ್ಟು ಗಮನವನ್ನು ಬಿಗಿಗೆ ಕೊಟ್ಟಿಲ್ಲ. ಕಾಲಿನಲ್ಲಿ ಬಿಗಿ ಇದ್ದರೆ ಮಣಿ, ತಂತಿ, ಎಪಾಕ್ಸಿ ಪುಟ್ಟಿಯ ಜೇಡವೂ ಬದುಕುತ್ತದೆ; ಇಲ್ಲದಿದ್ದರೆ ದುಬಾರಿ ಕಿಟ್ಟೂ ಸಾಯುತ್ತದೆ. ಇದನ್ನು ಕಲಿಯಲು ಖರ್ಚೇನೂ ಇಲ್ಲ. ಮುಂದಿನ ಹಬ್ಬಕ್ಕೆ ಮನೆಯ ಧೂಳು ಹೊಡೆಯುವಾಗ, ಉದ್ದ ಕೋಲಿನ ಪೊರಕೆ ಎತ್ತುವ ಮೊದಲು, ಮೂಲೆಯಲ್ಲಿರುವುದು ಬಲೆಯೋ ಇಲ್ಲಣವೋ ಎಂದು ಐದು ನಿಮಿಷ ನಿಂತು ನೋಡಿ.