ಪಾತ್ರದ ಪೂರ್ವವೃತ್ತ: ಅಂತರ್ಜಾಲದ ಪಾತ್ರಧಾರಣೆಯನ್ನು ಕುರಿತ ಕೆಲವು ವಿಚಾರಗಳು

ಪಾತ್ರವೊಂದು ರಂಗಕ್ಕೆ ಬರುವ ಮೊದಲು ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಸಾಹಿತ್ಯ ವಿಮರ್ಶೆಗೆ ಹೊಸದಲ್ಲ. ಎ.ಸಿ. ಬ್ರಾಡ್ಲೆ 1904ರಲ್ಲಿ ಪ್ರಕಟಿಸಿದ ‘ಶೇಕ್ಸ್‌ಪಿಯರಿಯನ್ ಟ್ರ್ಯಾಜೆಡಿ’ಯಲ್ಲಿ ನಾಟಕದ ವ್ಯಕ್ತಿಗಳಿಗೆ ನಾಟಕದ ಹೊರಗೂ ಒಂದು ಬದುಕಿದೆಯೆಂಬಂತೆ ಚರ್ಚಿಸಿದ್ದರು. ಎಲ್.ಸಿ. ನೈಟ್ಸ್ 1933ರಲ್ಲಿ, ಲೇಡಿ ಮ್ಯಾಕ್‌ಬೆತ್‌ಳಿಗೆ ಮಕ್ಕಳೆಷ್ಟು ಎಂದು ಕೇಳುವ ಅಣಕದ ಶೀರ್ಷಿಕೆಯ ಪ್ರಬಂಧವೊಂದರಲ್ಲಿ ಈ ಕ್ರಮವನ್ನು ಖಂಡಿಸಿದರು. ಕೃತಿಯ ಮಾತುಗಳಾಚೆಗೆ ಪಾತ್ರಕ್ಕೆ ಅಸ್ತಿತ್ವವಿಲ್ಲ ಎಂಬ ಅವರ ನಿಲುವು ಮುಂದೆ ಬಹುಕಾಲ ತರಗತಿಗಳಲ್ಲಿ ಪ್ರಮಾಣವಾಗಿ ನಿಂತಿತು. ಆದರೆ ಬರೆದು ಮುಗಿಸಿದ ಕೃತಿಯೇ ಇಲ್ಲದ, ಆಡುತ್ತ ಆಡುತ್ತ ಮಾತು ಹುಟ್ಟುವ ಕಲೆಯೊಂದಿದ್ದರೆ ಅಲ್ಲಿ ನೈಟ್ಸ್ ಅವರ ವಾದವನ್ನು ಅನ್ವಯಿಸುವುದು ಹೇಗೆ? ಅಂತರ್ಜಾಲದಲ್ಲಿ ನಡೆಯುವ ಪಾತ್ರಧಾರಣೆಯ ಆಟಗಳು ಈ ಪ್ರಶ್ನೆಯನ್ನು ಮತ್ತೆ ಎತ್ತಿವೆ. ಅಲ್ಲಿ ಆಟಗಾರನು ಮೊದಲ ಮಾತನ್ನು ಆಡುವ ಮುನ್ನವೇ ತನ್ನ ಪಾತ್ರದ ಪೂರ್ವವೃತ್ತವನ್ನು ಬರೆದಿಟ್ಟಿರುತ್ತಾನೆ. ಲೇಡಿ ಮ್ಯಾಕ್‌ಬೆತ್‌ಳ ಮಕ್ಕಳ ಸಂಖ್ಯೆ ಅಲ್ಲಿ ಕುಚೋದ್ಯದ ಪ್ರಶ್ನೆಯಲ್ಲ, ಭರ್ತಿ ಮಾಡಲೇಬೇಕಾದ ಒಂದು ಅಂಕಣ.

ಈ ರೂಢಿ ಆಟದೊಂದಿಗೇ ಹುಟ್ಟಿದ್ದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ದಾಳ ಎಸೆದು ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳನ್ನು ಗೊತ್ತುಮಾಡಿಕೊಂಡರೆ ಸಾಕಿತ್ತು. ಪಾತ್ರಗಳು ಬೇಗ ಸಾಯುತ್ತಿದ್ದುದರಿಂದ ಅವುಗಳ ಬಾಲ್ಯವನ್ನು ಕಲ್ಪಿಸುವ ಶ್ರಮ ವ್ಯರ್ಥವೇ ಆಗುತ್ತಿತ್ತು. 1977ರ ‘ಟ್ರಾವೆಲರ್’ ಈ ದೃಷ್ಟಿಯಿಂದ ಕುತೂಹಲಕರ. ಅದರಲ್ಲಿ ಹದಿನೆಂಟರ ಪ್ರಾಯದಿಂದ ತೊಡಗಿ, ನಾಲ್ಕು ನಾಲ್ಕು ವರ್ಷಗಳ ಸೇವಾವಧಿಗಳಾಗಿ ಪಾತ್ರದ ಗತಜೀವನವನ್ನು ದಾಳವೇ ಬರೆಯುತ್ತದೆ. ಪ್ರತಿ ಅವಧಿಯಲ್ಲೂ ಬದುಕುಳಿಯುವುದಕ್ಕೆ ಒಂದು ದಾಳ ಎಸೆಯಬೇಕು. ಅದು ತಪ್ಪಿದರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುತ್ತದೆ. ಇದನ್ನು ನೆನೆದು ಹಳೆಯ ಆಟಗಾರರು ಇಂದಿಗೂ ನಗುತ್ತಾರೆ. ನಗೆಯ ಹಿಂದೆ ಒಂದು ಮುಖ್ಯ ಅಂಶವಿದೆ: ಪೂರ್ವವೃತ್ತ ಇಲ್ಲಿ ಆಟಗಾರನ ಇಚ್ಛೆಗೆ ಅಧೀನವಲ್ಲ; ಅದು ಪಾತ್ರಕ್ಕೆ ವಿಧಿಯಂತೆ ಒದಗಿಬರುತ್ತದೆ. 2014ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿ ಬಂದಾಗ ಪಾತ್ರದ ಹಿನ್ನೆಲೆ, ಆದರ್ಶ, ಬಂಧ, ದೋಷಗಳೆಂಬ ಅಂಕಣಗಳು ನಿಯಮಗ್ರಂಥದಲ್ಲೇ ಸೇರಿಕೊಂಡವು. ನಲವತ್ತು ವರ್ಷಗಳಲ್ಲಿ ಪೂರ್ವವೃತ್ತವು ವ್ಯರ್ಥಶ್ರಮವಾಗಿದ್ದುದು ಕರ್ತವ್ಯವಾಯಿತು.

ಅಂತರ್ಜಾಲಕ್ಕೆ ಬಂದಾಗ ಇನ್ನೊಂದು ಪಲ್ಲಟ ಸಂಭವಿಸಿತು. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’, 1990ರಲ್ಲಿ ಪಾವೆಲ್ ಕರ್ಟಿಸ್ ರೂಪಿಸಿದ ‘ಲ್ಯಾಂಬ್ಡಾಮೂ’ ಇವು ಕೇವಲ ಅಕ್ಷರಗಳಿಂದ ಕಟ್ಟಿದ ಲೋಕಗಳು. ಮುಖ ಕಾಣದ, ದನಿ ಕೇಳದ ಅಂಥ ಲೋಕದಲ್ಲಿ ಬರೆದ ವರ್ಣನೆಯೇ ಪಾತ್ರದ ದೇಹ. 2004ರಲ್ಲಿ ಬಂದ ‘ಸಿಟಿ ಆಫ್ ಹೀರೋಸ್’ನಲ್ಲಿ ಪ್ರತಿ ನಾಯಕನ ಜೀವನವೃತ್ತಾಂತಕ್ಕೆ ಒಂದು ಕಿರುಜಾಗ ಮೀಸಲಾಗಿತ್ತು. ಅದೇ ವರ್ಷ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಅಂಥ ಜಾಗವಿರಲಿಲ್ಲವಾದ ಕಾರಣ ಆಟಗಾರರೇ ಪೂರಕ ತಂತ್ರಾಂಶಗಳನ್ನು ರಚಿಸಿ, ಎದುರಿಗೆ ನಿಂತ ಪಾತ್ರದ ರೂಪ, ಸ್ವಭಾವ, ಚರಿತ್ರೆಗಳನ್ನು ಓದುವ ಏರ್ಪಾಡು ಮಾಡಿಕೊಂಡರು. ಮೇಜಿನ ಸುತ್ತ ಕುಳಿತು ಆಡುವವರು ಒಬ್ಬರ ಪಾತ್ರದ ಹಿಂದಿನ ಕಥೆಯನ್ನು ತಿಂಗಳುಗಟ್ಟಲೆ ಮಾತಿನ ನಡುವೆ ಕೇಳಿ ತಿಳಿಯುತ್ತಿದ್ದರು. ಇಲ್ಲಿ ಭೇಟಿಗೆ ಮೊದಲೇ ಓದು ನಡೆದುಬಿಡುತ್ತದೆ. ಪೂರ್ವವೃತ್ತವು ಆಡುವ ಮಾತಾಗಿ ಉಳಿಯದೆ ದಾಖಲೆಯಾಗುತ್ತದೆ.

ಈ ದಾಖಲೆಗಳ ಸಾಹಿತ್ಯಕ ಗುಣ ಸಾಮಾನ್ಯವಾಗಿ ಉತ್ತೇಜನಕರವಾಗಿಲ್ಲ. ಸುಟ್ಟುಹೋದ ಹಳ್ಳಿ, ಕೊಲೆಯಾದ ತಂದೆತಾಯಿ, ಕಳೆದುಹೋದ ನೆನಪು, ಗುಪ್ತವಾಗಿರುವ ರಾಜವಂಶದ ರಕ್ತ ಇವು ಮತ್ತೆ ಮತ್ತೆ ಕಾಣಿಸುತ್ತವೆ. 1973ರಲ್ಲಿ ಪೌಲಾ ಸ್ಮಿತ್ ಬರೆದ ‘ಸ್ಟಾರ್ ಟ್ರೆಕ್’ ಅಭಿಮಾನಿ ಕಥೆಗಳ ಅಣಕದಿಂದ ‘ಮೇರಿ ಸೂ’ ಎಂಬ ಹೆಸರೇ ಇಂಥ ಸರ್ವಗುಣಸಂಪನ್ನ ಪಾತ್ರಕ್ಕೆ ಅಂಟಿಕೊಂಡಿತು. ಆದರೆ ಇದನ್ನು ಕಲ್ಪನಾದಾರಿದ್ರ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಅನಾಥನಿಗೆ ಯಾರ ಋಣವೂ ಇಲ್ಲ. ತಾಯಿ ಬದುಕಿದ್ದಾಳೆಂದು ಬರೆದೊಡನೆ ಆಟದ ನಿರ್ವಾಹಕನು ಆ ತಾಯಿಯನ್ನು ಕರೆತರಬಹುದು, ಒತ್ತೆಯಾಳಾಗಿ ಹಿಡಿಸಬಹುದು, ಅವಳ ಬಾಯಲ್ಲಿ ಬೇಡದ ಮಾತನ್ನು ಆಡಿಸಬಹುದು. ಎಲ್ಲರನ್ನೂ ಕೊಂದು ಬರುವ ಆಟಗಾರನು ತನ್ನ ಪಾತ್ರವನ್ನು ಪರರ ಹಿಡಿತದಿಂದ ಕಾಪಾಡಿಕೊಳ್ಳುತ್ತಿರುತ್ತಾನೆ. ಅದರ ಫಲವಾಗಿ ಇತರರಿಗೆ ಹಿಡಿದುಕೊಳ್ಳಲು ಒಂದು ಎಳೆಯೂ ಸಿಕ್ಕುವುದಿಲ್ಲ. ಎರಡು ಸಾವಿರ ಪದಗಳ ದುಃಖವಿದ್ದರೂ ಆಟದ ಆವರಣದಲ್ಲಿ ಅದು ಮೂಕವಾಗಿಯೇ ಉಳಿಯುತ್ತದೆ.

ಇದರ ಜೊತೆಗೆ ಜ್ಞಾನದ ಸಮಸ್ಯೆಯೊಂದಿದೆ. ಗ್ಯಾರಿ ಅಲನ್ ಫೈನ್ 1983ರ ‘ಶೇರ್ಡ್ ಫ್ಯಾಂಟಸಿ’ಯಲ್ಲಿ ವ್ಯಕ್ತಿ, ಆಟಗಾರ, ಪಾತ್ರ ಎಂಬ ಮೂರು ಚೌಕಟ್ಟುಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಎದುರಾಳಿಯ ಪೂರ್ವವೃತ್ತವನ್ನು ಆಟಗಾರ ಓದಿದ್ದಾನೆ; ಅವನ ಪಾತ್ರ ಓದಿಲ್ಲ. ಓದಿದ್ದನ್ನು ಪಾತ್ರದ ಬಾಯಲ್ಲಿ ಆಡಿಸಿಬಿಟ್ಟರೆ ಅದು ‘ಮೆಟಾಗೇಮಿಂಗ್’ ಎಂಬ ದೋಷ.

ಕನ್ನಡದ ವಿಮರ್ಶಕನಿಗೆ ಈ ಸಮಸ್ಯೆ ಅಪರಿಚಿತವಲ್ಲ. ತಾಳಮದ್ದಳೆಯ ಅರ್ಥಧಾರಿಯು ಇದನ್ನು ದಿನವೂ ಎದುರಿಸುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳಬೇಕು. ಪಾತ್ರವು ಮೊದಲು ಮಾತಾಡುವಾಗ ತನ್ನ ಹಿಂದಿನದನ್ನೂ ಇಂದಿನ ಮನಃಸ್ಥಿತಿಯನ್ನೂ ನಿರೂಪಿಸುವ ಭಾಗಕ್ಕೆ ‘ಪೀಠಿಕೆ’ ಎಂಬ ಹೆಸರೇ ಇದೆ. ಮೂಡಲಪಾಯದಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರದ ಹೆಸರು, ಊರು ವಿಚಾರಿಸುವುದೂ ಇದೇ ಅಗತ್ಯದಿಂದ ಹುಟ್ಟಿದ ಕ್ರಮ. 2020ರಲ್ಲಿ ಜನ ಸೇರುವುದು ಸಾಧ್ಯವಾಗದೆ ಹೋದಾಗ ತಾಳಮದ್ದಳೆಗಳು ಅಂತರ್ಜಾಲದ ಮೂಲಕವೂ ಪ್ರಸಾರವಾದವು. ಆದರೆ ಇಲ್ಲಿ ಹೋಲಿಕೆಗೆ ಕಾರಣ ಆ ಮಾಧ್ಯಮಸಾಮ್ಯವಲ್ಲ. ಇನ್ನೊಬ್ಬನೊಡನೆ ಮಾತು ಕಟ್ಟುವಾಗ ತನ್ನ ಭೂತಕಾಲವನ್ನು ಹೇಗೆ ಬಳಸಬೇಕು ಎಂಬ ಕಸುಬಿನ ಪ್ರಶ್ನೆ.

ಅರ್ಥಧಾರಿಗೆ ಪೂರ್ವವೃತ್ತವನ್ನು ಹೊಸದಾಗಿ ಹೆಣೆಯುವ ಹೊರೆಯಿಲ್ಲ. ವಾಲಿ, ಕರ್ಣ, ಸುಧನ್ವರ ಹಿಂದಿನ ಕಥೆ ಸಭೆಯ ಹಿರಿಯರಿಗೂ ಮಕ್ಕಳಿಗೂ ಗೊತ್ತು. ಅವನ ಸ್ವಾತಂತ್ರ್ಯವಿರುವುದು ಆಯ್ಕೆಯಲ್ಲಿ: ಯಾವುದನ್ನು ಈಗ ಹೇಳಬೇಕು, ಯಾವುದನ್ನು ಎದುರಾಳಿಯ ಪ್ರಶ್ನೆಗಾಗಿ ಕಾದಿರಿಸಬೇಕು ಎಂಬಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಹಿರಿಯರ ಅರ್ಥಗಾರಿಕೆಯಲ್ಲಿ ವಾಲಿಯಂಥ ಪಾತ್ರಗಳು ಹೊಸದಾಗಿ ಕಂಡದ್ದು ಹೊಸ ಸಂಗತಿಗಳಿಂದಲ್ಲ, ತಿಳಿದ ಸಂಗತಿಗಳನ್ನು ಹೂಡಿದ ಕ್ರಮದಿಂದ. ಪೀಠಿಕೆಯಲ್ಲೇ ಎಲ್ಲವನ್ನೂ ಸುರಿದುಬಿಟ್ಟವನ ಸಂವಾದ ಮುಂದೆ ಸೊರಗುತ್ತದೆ. ದುರ್ಯೋಧನನ ಅರ್ಥ ಹೇಳುವವನಿಗೆ ಕರ್ಣನು ಕುಂತಿಯ ಮಗನೆಂಬುದು ಚೆನ್ನಾಗಿ ಗೊತ್ತಿದೆ. ಆದರೆ ದುರ್ಯೋಧನನಿಗೆ ಗೊತ್ತಿಲ್ಲ. ಅದರ ಸುಳಿವು ಮಾತಿನಲ್ಲಿ ಜಾರಿದರೆ ಔಚಿತ್ಯಭಂಗ. ಇಂಗ್ಲಿಷಿನ ಆಟಗಾರರು ನಾಲ್ಕೈದು ದಶಕಗಳಿಂದ ನಿಯಮಗಳ ಮೂಲಕ ತಡೆಯಲೆತ್ನಿಸುತ್ತಿರುವ ದೋಷವನ್ನು ಈ ಪರಂಪರೆ ಅಭಿರುಚಿಯ ಮಟ್ಟದಲ್ಲೇ ನಿಭಾಯಿಸಿದೆ.

‘ಕರ್ಣಭೇದನ’ ಪ್ರಸಂಗ ಇನ್ನೂ ಒಂದು ಹೆಜ್ಜೆ ಮುಂದಿದೆ. ಸಂಧಿಪ್ರಯತ್ನ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಪ್ರತ್ಯೇಕವಾಗಿ ಕರೆದು ಅವನ ಜನ್ಮವೃತ್ತಾಂತವನ್ನು ತಿಳಿಸುತ್ತಾನೆ. ಕರ್ಣನು ತಾನು ಸೂತನ ಮನೆಯಲ್ಲಿ ಬೆಳೆದವನೆಂಬ ಒಂದು ಪೂರ್ವವೃತ್ತವನ್ನು ಹೊತ್ತು ಬಂದಿರುತ್ತಾನೆ. ಅದರ ಕೆಳಗಿನ ಇನ್ನೊಂದು ಪೂರ್ವವೃತ್ತದ ಕೀಲಿಕೈ ಎದುರಾಳಿಯ ಕೈಯಲ್ಲಿದೆ. ಕೃಷ್ಣನ ಅರ್ಥಧಾರಿ ಅದನ್ನು ಹೇಗೆ ಬಿಚ್ಚುತ್ತಾನೆ ಎಂಬುದರ ಮೇಲೆ ಕರ್ಣನ ಪ್ರತಿಕ್ರಿಯೆ ಅವಲಂಬಿಸಿದೆ. ಕಥೆಯ ಫಲ ಮೊದಲೇ ನಿಶ್ಚಿತ, ಕರ್ಣ ಪಕ್ಷ ಬದಲಿಸುವುದಿಲ್ಲ. ಆದರೂ ಯಾವ ಕಾರಣಕ್ಕೆ ಬದಲಿಸುವುದಿಲ್ಲ ಎಂಬುದು ಆ ರಾತ್ರಿಯ ಇಬ್ಬರ ನಡುವೆ ತೀರ್ಮಾನವಾಗಬೇಕು. ತನ್ನ ಭೂತಕಾಲದ ಅತಿಮುಖ್ಯ ಸಂಗತಿಯನ್ನು ಇನ್ನೊಬ್ಬನ ಬಾಯಿಂದ ಕೇಳುವ ಪಾತ್ರಕ್ಕಿರುವ ಬಲ, ಎಲ್ಲವನ್ನೂ ತಾನೇ ಬರೆದುಕೊಂಡು ಬಂದ ಪಾತ್ರಕ್ಕೆ ಬರುವುದು ಕಷ್ಟ.

ಪಂಪನ ‘ಆದಿಪುರಾಣ’ದ ಭವಾವಳಿಯನ್ನೂ ಇಲ್ಲಿ ನೆನೆಯಬಹುದು. ಅಲ್ಲಿ ಹಿಂದಿನ ಜನ್ಮಗಳು ಈ ಜನ್ಮಕ್ಕೆ ಕಾರಣಗಳಾಗಿ ಸರಪಳಿಗಟ್ಟುತ್ತವೆ. ಅಂತರ್ಜಾಲದ ಬಹುಪಾಲು ಪೂರ್ವವೃತ್ತಗಳ ಹಂಬಲವೂ ಇದೇ: ಇಂದಿನ ಕೋಪಕ್ಕೆ ಅಂದಿನ ಗಾಯ ಕಾರಣ. ಆದರೆ ಶ್ರೀಮತಿ-ವಜ್ರಜಂಘರ ಕಥೆಯಲ್ಲಿ ಪೂರ್ವಸ್ಮರಣೆ ಮರಳಿದ ಶ್ರೀಮತಿ ತನ್ನ ಹಿಂದಿನ ಭವವನ್ನು ಚಿತ್ರಪಟದಲ್ಲಿ ಮೂಡಿಸುತ್ತಾಳೆ. ಪಂಡಿತೆ ಅದನ್ನು ಜಿನಾಲಯಕ್ಕೆ ಒಯ್ದು ನಾಲ್ವರ ಕಣ್ಣಿಗೆ ಬೀಳುವಂತೆ ಮಾಡುತ್ತಾಳೆ. ವಜ್ರಜಂಘ ಅದನ್ನು ಗುರುತಿಸುತ್ತಾನೆ. ಪಟವನ್ನು ಎಲ್ಲರೂ ನೋಡಬಹುದು, ಗುರುತಿಸುವವನು ಒಬ್ಬನೇ. ಆ ಗುರುತು ಸಿಕ್ಕಿದಾಗಲೇ ಪಟದ ಕೆಲಸ ಸಂದುತ್ತದೆ.

ಇದೇ ಅರಿವು ಪಶ್ಚಿಮದ ಕೆಲವು ಆಟಗಳಲ್ಲೂ ಮೂಡಿದೆ. ವಿನ್ಸೆಂಟ್ ಬೇಕರ್ 2010ರ ‘ಅಪೊಕ್ಯಾಲಿಪ್ಸ್ ವರ್ಲ್ಡ್’ನಲ್ಲಿ ಪೂರ್ವವೃತ್ತವನ್ನು ಒಂಟಿಯಾಗಿ ಬರೆದು ತರುವ ಕ್ರಮಕ್ಕೆ ಮಹತ್ವ ಕೊಡಲಿಲ್ಲ. ಆಟಗಾರರು ಒಬ್ಬರನ್ನೊಬ್ಬರು ಪ್ರಶ್ನಿಸಿ, ಯಾರು ಯಾರನ್ನು ಎಷ್ಟು ಬಲ್ಲರು ಎಂಬುದನ್ನು ಅಲ್ಲೇ ಗೊತ್ತುಪಡಿಸಿಕೊಳ್ಳಬೇಕು. ಈ ಕ್ರಮ ಮೇಜಿನ ಸುತ್ತ ನಾಲ್ಕೈದು ಜನರಿಗೆ ಒಗ್ಗುತ್ತದೆ. ನೂರಾರು ಅಪರಿಚಿತರು ಬಂದುಹೋಗುವ ಅಂತರ್ಜಾಲದ ಲೋಕಕ್ಕೆ ಒಗ್ಗುವುದು ಸುಲಭವಲ್ಲ. ಅಂಥಲ್ಲಿ ನಿರ್ವಾಹಕರು ಪ್ರವೇಶಕ್ಕೆ ಮುನ್ನ ಲಿಖಿತ ಪೂರ್ವವೃತ್ತವನ್ನು ಕೇಳುತ್ತಾರೆ. 2013ರ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ನ ಮೇಲೆ ಅಭಿಮಾನಿಗಳು ಕಟ್ಟಿಕೊಂಡ ಪಾತ್ರಧಾರಣೆಯ ನಗರಗಳಲ್ಲಿ ಇಂಥ ಅರ್ಜಿಗಳು ಸಾಮಾನ್ಯ. ಪುಂಡಾಟಿಕೆಗೆ ಬರುವವರನ್ನು ತಡೆಯಲು ಇದು ನೆರವಾಗುತ್ತದೆ ಎಂಬುದು ನಿಜ. ಆದರೆ ಬರೆಯಬಲ್ಲವನು ಆಡಬಲ್ಲನೆಂಬ ತಪ್ಪು ಸಮೀಕರಣ ಇದರೊಳಗಿದೆ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವನ ಪೂರ್ವವೃತ್ತ ತಿರಸ್ಕೃತವಾದಾಗ ತಿರಸ್ಕೃತವಾದದ್ದು ಅವನ ಪಾತ್ರವೋ ಅವನ ವ್ಯಾಕರಣವೋ ಎಂದು ಕೇಳುವವರಿಲ್ಲ. ಓದುಬರಹ ಹೆಚ್ಚಿಲ್ಲದೆಯೂ ಕೇಳ್ಮೆಯಿಂದಲೇ ಪುರಾಣವನ್ನು ಕರಗತ ಮಾಡಿಕೊಂಡ ಕಲಾವಿದರನ್ನು ಕಂಡ ಯಕ್ಷಗಾನ ಪರಂಪರೆಯ ಎದುರು ಈ ಪ್ರವೇಶಪರೀಕ್ಷೆ ಬಡವಾಗಿಯೇ ತೋರುತ್ತದೆ.

ಇನ್ನು ಕೆಲವರು ತಮ್ಮದೇ ನೋವನ್ನು ಪಾತ್ರದ ಗತಜೀವನವಾಗಿ ಬರೆಯುತ್ತಾರೆ. ಇಂಥ ಲೋಕಗಳಲ್ಲಿ ಜನರು ತಮ್ಮ ವ್ಯಕ್ತಿತ್ವದ ಬಿಕ್ಕಟ್ಟುಗಳನ್ನು ಆಡಿ ನೋಡುತ್ತಾರೆಂದು ಶೆರಿ ಟರ್ಕಲ್ 1995ರ ‘ಲೈಫ್ ಆನ್ ದ ಸ್ಕ್ರೀನ್’ನಲ್ಲಿ ವಿವರಿಸಿದ್ದಾರೆ. ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಶಲ್ಯನು ಕರ್ಣನ ಹುಟ್ಟನ್ನು ಹೀಯಾಳಿಸಿದಾಗ ನೋಯುವುದು ಕರ್ಣ. ಅರ್ಥಧಾರಿ ಪ್ರಸಂಗ ಮುಗಿದ ಮೇಲೆ ಅದೇ ಶಲ್ಯನೊಡನೆ ಚಹಾ ಕುಡಿಯುತ್ತಾನೆ. ತನ್ನ ಮನೆಯ ಸಾವನ್ನೇ ಪಾತ್ರಕ್ಕೆ ಹೊದಿಸಿದವನಿಗೆ ಈ ಅಂತರವಿಲ್ಲ. ಎದುರಿನ ಆಟಗಾರ ಪಾತ್ರಧರ್ಮಕ್ಕೆ ಅನುಗುಣವಾಗಿಯೇ ಒಂದು ಕಟುಮಾತು ಆಡಿ, ಮರೆಯಲ್ಲಿರುವ ಅಪರಿಚಿತನ ನಿಜವಾದ ಗಾಯವನ್ನು ತಿಳಿಯದೆ ಕೆದಕಿರುತ್ತಾನೆ. ಪೌರಾಣಿಕ ಪೂರ್ವವೃತ್ತ ಎಲ್ಲರ ಸ್ವತ್ತಾಗಿರುವುದರಿಂದ ಅಲ್ಲಿ ನಿಷ್ಠುರವಾಗಿ ವಾದಿಸುವುದು ಸಾಧ್ಯ. ಖಾಸಗಿ ಪೂರ್ವವೃತ್ತದ ಮುಂದೆ ವಾದ ಹಿಂಜರಿಯುತ್ತದೆ, ಇಲ್ಲವೇ ಹಿಂಸೆಯಾಗುತ್ತದೆ.

ಸಂಶೋಧಕರ ಮಟ್ಟಿಗೆ ಈ ಸಾಮಗ್ರಿಯ ಉಳಿವೇ ಒಂದು ತೊಡಕು. ‘ಸಿಟಿ ಆಫ್ ಹೀರೋಸ್’ 2012ರ ನವೆಂಬರ್ 30ರಂದು ಸ್ಥಗಿತಗೊಂಡಾಗ ಅದರ ನಾಯಕರ ವೃತ್ತಾಂತಗಳಲ್ಲಿ ಉಳಿದವು ಆಟಗಾರರು ತಮ್ಮ ಗಣಕಯಂತ್ರಗಳಲ್ಲಿ ಪ್ರತಿ ಇಟ್ಟುಕೊಂಡಿದ್ದವು ಮಾತ್ರ. ಅಭಿಮಾನಿಗಳು ಮುಂದೆ ಆಟವನ್ನು ಮತ್ತೆ ನಡೆಸಿದರೂ ಅವರು ಪಾತ್ರಗಳನ್ನು ಹೊಸದಾಗಿಯೇ ಕಟ್ಟಿಕೊಳ್ಳಬೇಕಾಯಿತು. ಹಾಗೆ ಉಳಿದ ಪ್ರತಿಗಳಲ್ಲಿ ಇರುವುದು ಪೀಠಿಕೆಗಳು. ಆ ಪೀಠಿಕೆಯನ್ನು ಕೇಳಿ ಎದುರಿನವನು ಏನೆಂದ ಎಂಬುದು ಅವುಗಳಲ್ಲಿಲ್ಲ. ತಾಳಮದ್ದಳೆಯ ಹಳೆಯ ತಲೆಮಾರುಗಳದ್ದು ಬೇರೊಂದು ಬಗೆಯ ನಷ್ಟ: ಪ್ರಸಂಗದ ಪದ್ಯಗಳು ಅಚ್ಚಾಗಿ ಉಳಿದವು, ಧ್ವನಿಮುದ್ರಣ ಬರುವ ಮುಂಚಿನ ಅರ್ಥ ಹೋಯಿತು. ಅಕ್ಷರದಲ್ಲೇ ನಡೆಯುವ ಆಟಗಳಲ್ಲಿ ಸಂವಾದವೂ ತಾನಾಗಿ ಬರಹವಾಗಿರುತ್ತದೆ. ಪಾತ್ರಗಳ ಪರಿಚಯಪತ್ರಗಳನ್ನು ಸಂಗ್ರಹಿಸಹೊರಟ ಗ್ರಂಥಾಲಯಗಳು, ಆಡಿದವರೆಲ್ಲರ ಒಪ್ಪಿಗೆ ಪಡೆದು, ಮೊದಲು ಕಾಪಿಡಬೇಕಾದದ್ದು ಆ ಸಂವಾದಗಳನ್ನು.